ಕೆಡೆಟ್ ಶಾಲೆ ಕಟ್ಟುವವರಿಗೆ: ಮೊದಲು ಹಾಸ್ಟೆಲ್, ಆಮೇಲೆ ವಿಮಾನ

ಆರನೇ ತರಗತಿಗೆ ಸೇರುವ ಮಗುವಿಗೆ ಹತ್ತರಿಂದ ಹನ್ನೆರಡು ವರ್ಷ. ನಮ್ಮ ದೇಶದಲ್ಲಿ ಸ್ಟೂಡೆಂಟ್ ಪೈಲಟ್ ಲೈಸೆನ್ಸ್‌ಗೆ ಕನಿಷ್ಠ ವಯಸ್ಸು 16, ಪ್ರೈವೇಟ್ ಪೈಲಟ್‌ಗೆ 17, ಕಮರ್ಷಿಯಲ್‌ಗೆ 18. ಡ್ರೋನ್‌ನ ರಿಮೋಟ್ ಪೈಲಟ್ ಸರ್ಟಿಫಿಕೇಟ್‌ಗೂ 18 ತುಂಬಿರಬೇಕು. ವಾಯುಯಾನದ ಹೆಸರಿನಲ್ಲಿ ಸೈನಿಕ ಮಾದರಿಯ ವಸತಿ ಶಾಲೆ ಕಟ್ಟಲು ಹೊರಟ ಟ್ರಸ್ಟ್‌ನವರು ಮೊದಲ ಸಭೆಯಲ್ಲೇ ಈ ಅಂಕಿಗಳನ್ನು ಮುಂದಿಟ್ಟುಕೊಳ್ಳಬೇಕು. ಏಳು ವರ್ಷದ ಶಾಲಾ ಜೀವನದಲ್ಲಿ ಮೊದಲ ನಾಲ್ಕೈದು ವರ್ಷ ಮಗು ಕಾನೂನಿನ ಪ್ರಕಾರ ವಿಮಾನ ನಡೆಸುವಂತೆಯೇ ಇಲ್ಲ. ‘ನಿಮ್ಮ ಮಗು ಇಲ್ಲಿ ವಿಮಾನ ಹಾರಿಸುತ್ತದೆ’ ಎಂದು ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚು ಹಾಕಿಸಿದರೆ ಎರಡನೇ ವರ್ಷಕ್ಕೇ ಪೋಷಕರು ಲೆಕ್ಕ ಕೇಳುತ್ತಾರೆ, ಕೇಳಲೇಬೇಕು.

ಹಾಗಾಗಿ ಸ್ವಂತ ರನ್‌ವೇ ಯೋಚನೆ ಬಿಡಿ. ವಿಮಾನ ನಿಲ್ದಾಣಕ್ಕೆ ಅಂಟಿಕೊಂಡ ಜಾಗವೂ ಬೇಡ. ವಿಮಾನ ಇಳಿಯುವ ದಾರಿಯ ಕೆಳಗೆ ಪಾಠ ನಡೆಯುವುದಿಲ್ಲ, ಕಟ್ಟಡದ ಎತ್ತರಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರದ ಎನ್‌ಒಸಿ ಬೇಕಾಗುತ್ತದೆ, ಮಾಡೆಲ್ ವಿಮಾನ ಹಾರಿಸಲೂ ತೊಡಕು. 2021ರ ಡ್ರೋನ್ ನಿಯಮಗಳಲ್ಲಿ ಹಸಿರು ವಲಯದಲ್ಲಿ 400 ಅಡಿವರೆಗೆ ಮುಂಗಡ ಅನುಮತಿ ಬೇಕಿಲ್ಲ. ಕಾರ್ಯನಿರತ ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ಒಳಗಾದರೆ ಅದು 200 ಅಡಿಗೆ ಇಳಿಯುತ್ತದೆ, ಇನ್ನೂ ಹತ್ತಿರವಾದರೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಜಮೀನಿನ ಅಗ್ರಿಮೆಂಟ್‌ಗೆ ಸಹಿ ಹಾಕುವ ಮುಂಚೆ, ಈ ವಲಯಗಳನ್ನು ಬಣ್ಣಗಳಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಸರ್ವೆ ನಂಬರ್ ಯಾವ ಬಣ್ಣದಲ್ಲಿದೆ ಎಂದು ನೋಡಿಕೊಳ್ಳಿ. ಬೆಂಗಳೂರಿನ ಯಲಹಂಕ, ಜಕ್ಕೂರು, ಎಚ್‌ಎಎಲ್ ಸುತ್ತಮುತ್ತ ಜಾಗ ನೋಡುವವರಿಗೆ ಈ ಮಾತು ಇನ್ನೂ ಮುಖ್ಯ.

ಶಾಲೆಗೆ ಯಾವ ಚೌಕಟ್ಟು ಎಂಬುದು ಮುಂದಿನ ಪ್ರಶ್ನೆ. ‘ಸೈನಿಕ ಶಾಲೆ’ ಎಂಬ ಹೆಸರನ್ನು ತಮಗೆ ತಾವೇ ಇಟ್ಟುಕೊಳ್ಳುವ ಹಾಗಿಲ್ಲ. 1961ರಲ್ಲಿ ಶುರುವಾದ ಆ ಯೋಜನೆ ರಕ್ಷಣಾ ಸಚಿವಾಲಯದ ಅಡಿಯ ಸೈನಿಕ್ ಸ್ಕೂಲ್ಸ್ ಸೊಸೈಟಿಯದು. ನಮ್ಮಲ್ಲಿ ವಿಜಯಪುರದ್ದು 1963ರದು, ಕೊಡಗಿನ ಕೂಡಿಗೆಯದು 2007ರದು. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ರಾಜ್ಯಗಳು, ಸ್ವಯಂಸೇವಾ ಸಂಸ್ಥೆಗಳು, ಖಾಸಗಿ ಶಾಲೆಗಳ ಸಹಭಾಗಿತ್ವದಲ್ಲಿ 100 ಹೊಸ ಸೈನಿಕ ಶಾಲೆಗಳಿಗೆ ಒಪ್ಪಿಗೆ ಕೊಟ್ಟಿತು. ಈ ದಾರಿಯಲ್ಲಿ ಕನಿಷ್ಠ ಶೇ 40 ಸೀಟು ಅಖಿಲ ಭಾರತ ಪ್ರವೇಶ ಪರೀಕ್ಷೆಯ ಮೆರಿಟ್‌ಗೆ ಹೋಗುತ್ತದೆ, ಉಳಿದದ್ದು ಅದೇ ಶಾಲೆಯಲ್ಲಿ ಓದುತ್ತಿರುವ, ಅರ್ಹತಾ ಪರೀಕ್ಷೆ ಪಾಸಾದ ಮಕ್ಕಳಿಗೆ. ತರಗತಿಯ ಅರ್ಧದಷ್ಟು ಮಕ್ಕಳಿಗೆ, ಗರಿಷ್ಠ 50 ಮಂದಿಗೆ, ಮೆರಿಟ್ ಮತ್ತು ಆದಾಯ ನೋಡಿ ಶುಲ್ಕದ ಅರ್ಧವನ್ನು ಸೊಸೈಟಿ ಭರಿಸುತ್ತದೆ. ಒಬ್ಬರಿಗೆ ವರ್ಷಕ್ಕೆ 40,000 ರೂಪಾಯಿ ಮೇಲ್ಮಿತಿ. ಪರೀಕ್ಷೆಯನ್ನು ಆರನೇ ತರಗತಿಗೆ ಕನ್ನಡದಲ್ಲೂ ಬರೆಯಬಹುದು. ಹಳ್ಳಿಯ ಮಕ್ಕಳಿಗೆ ಇದು ದೊಡ್ಡ ಬಾಗಿಲು, ನಿಮ್ಮ ಪ್ರಚಾರಪತ್ರದಲ್ಲಿ ಇದನ್ನು ಎದ್ದು ಕಾಣುವಂತೆ ಹಾಕಿ.

ಇನ್ನೊಂದು ದಾರಿ ಸಿಬಿಎಸ್‌ಇ ಮಾನ್ಯತೆಯ ಸಾಮಾನ್ಯ ವಸತಿ ಶಾಲೆ ಮಾಡಿ, ಅದಕ್ಕೆ ಎನ್‌ಸಿಸಿ ಜೂನಿಯರ್ ಡಿವಿಷನ್ ಏರ್ ವಿಂಗ್ ಸೇರಿಸುವುದು. ಎನ್‌ಸಿಸಿ ಘಟಕ ಅರ್ಜಿ ಹಾಕಿದ ಕೂಡಲೇ ಸಿಗುವುದಿಲ್ಲ. ಖಾಲಿ ಸ್ಥಾನ ಇರಬೇಕು, ಹತ್ತಿರದ ಏರ್ ಸ್ಕ್ವಾಡ್ರನ್‌ನಿಂದ ಸಿಬ್ಬಂದಿ ಬಂದುಹೋಗುವ ದೂರದಲ್ಲಿರಬೇಕು, ನಿಮ್ಮ ಶಿಕ್ಷಕರೊಬ್ಬರು ಎಎನ್‌ಒ (ಶಾಲೆಯ ಎನ್‌ಸಿಸಿ ಅಧಿಕಾರಿ) ತರಬೇತಿಗೆ ಹೋಗಲು ಸಿದ್ಧರಿರಬೇಕು. ಮಂಜೂರಾತಿ ಪತ್ರ ಕೈಗೆ ಬರುವವರೆಗೆ ಜಾಹೀರಾತಿನಲ್ಲಿ ಎನ್‌ಸಿಸಿ ಹೆಸರು ಎತ್ತಬೇಡಿ. ಸಮವಸ್ತ್ರವನ್ನೂ ವಾಯುಪಡೆಯ ನೀಲಿ, ರ‍್ಯಾಂಕ್ ಪಟ್ಟಿ, ರೆಕ್ಕೆಯ ಬ್ಯಾಡ್ಜ್ ನಕಲು ಮಾಡಿ ಹೊಲಿಸಬೇಡಿ. ಸೈನಿಕರಂತೆ ಕಾಣಿಸಿಕೊಳ್ಳುವ ಉಡುಪಿಗೆ ಕಾನೂನಿನ ತಡೆಯಿದೆ. ಅದಕ್ಕಿಂತ ಹೆಚ್ಚಾಗಿ, ಆ ರೆಕ್ಕೆ ಗಳಿಸಿ ಧರಿಸುವಂಥದ್ದು.

ಮೊದಲ ವರ್ಷ ಆರನೇ ತರಗತಿ ಮಾತ್ರ ತೆಗೆದುಕೊಳ್ಳಿ, 40ರ ಎರಡು ಸೆಕ್ಷನ್, 80 ಮಕ್ಕಳು. ವರ್ಷಕ್ಕೊಂದು ತರಗತಿ ಏರುತ್ತಾ ಹೋದರೆ ಏಳನೇ ವರ್ಷಕ್ಕೆ 560. ಹಣದ ಒತ್ತಡಕ್ಕೆ ಮೊದಲ ವರ್ಷವೇ ಒಂಬತ್ತನೇ ತರಗತಿಯನ್ನೂ ತುಂಬಿಕೊಳ್ಳುವ ಶಾಲೆಗಳು ಪೆಟ್ಟು ತಿನ್ನುತ್ತವೆ. ಬೇರೆಬೇರೆ ಶಾಲೆಗಳಿಂದ ಬಂದ ಹದಿನಾಲ್ಕು ವರ್ಷದವರು ಇನ್ನೂ ಪದ್ಧತಿಯೇ ಬೇರೂರದ ಜಾಗದಲ್ಲಿ ಏಕಾಏಕಿ ‘ಸೀನಿಯರ್’ ಆಗಿಬಿಡುತ್ತಾರೆ. ಸಿನಿಮಾದಲ್ಲಿ ನೋಡಿದ ಸೇನೆಯೇ ಅವರಿಗೆ ಗೊತ್ತಿರುವ ಸೇನೆ, ಚಿಕ್ಕವರ ಮೇಲೆ ಅದನ್ನೇ ಪ್ರಯೋಗಿಸುತ್ತಾರೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಸೈನಿಕ ಮಾದರಿಯ ಮಕ್ಕಳ ಶಾಲೆಯ ಅತಿ ದೊಡ್ಡ ಅಪಾಯ ಇರುವುದು ಇಲ್ಲೇ. ಆಜ್ಞೆ ಪಾಲಿಸು, ಮೇಲಿನವರ ಮೂಲಕವೇ ಮಾತಾಡು ಎಂದು ಕಲಿಸುವ ಶಾಲೆಯಲ್ಲಿ, ಹಿಂಸೆ ಕೊಡುವವನು ಆ ಮೇಲಿನವನೇ ಆದರೆ ಹನ್ನೊಂದು ವರ್ಷದ ಮಗು ಯಾರಿಗೆ ಹೇಳಬೇಕು? ಆದ್ದರಿಂದ ದೂರಿನ ದಾರಿ ಕಡ್ಡಾಯವಾಗಿ ಶಿಸ್ತಿನ ಏಣಿಯ ಹೊರಗಿರಬೇಕು. ಹಾಸ್ಟೆಲ್‌ಗೂ ಪರೇಡಿಗೂ ಸಂಬಂಧವಿಲ್ಲದ ಆಪ್ತಸಮಾಲೋಚಕಿಯೊಬ್ಬರು, ವಾರಕ್ಕೆ ಎರಡು ಸಲ ಯಾರೂ ಪಕ್ಕದಲ್ಲಿ ನಿಲ್ಲದೆ ಮನೆಗೆ ಫೋನ್, ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098ರ ಸಂಖ್ಯೆ. ಡಾರ್ಮಿಟರಿಯಲ್ಲಿ ರಾತ್ರಿ 20 ಮಕ್ಕಳಿಗೊಬ್ಬ ವಯಸ್ಕ ಸಿಬ್ಬಂದಿ ಇರಲೇಬೇಕು. ಆ ಕೆಲಸವನ್ನು ಸೀನಿಯರ್ ಕೆಡೆಟ್‌ಗೆ ಒಪ್ಪಿಸುವುದು ಸಲ್ಲದು. ಕೆಡೆಟ್ ಕ್ಯಾಪ್ಟನ್‌ಗೆ ಶಿಕ್ಷೆ ಕೊಡುವ ಅಧಿಕಾರ ಎಳ್ಳಷ್ಟೂ ಬೇಡ, ‘ನಾಲ್ಕು ರೌಂಡ್ ಓಡು’ ಎನ್ನುವುದೂ ಬೇಡ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ ಪೋಕ್ಸೊ ಕಾಯ್ದೆಯಡಿ ವರದಿ ಮಾಡುವುದು ಕಡ್ಡಾಯ. ‘ಒಳಗೇ ಬಗೆಹರಿಸಿಕೊಳ್ಳೋಣ’ ಎನ್ನುವ ಪ್ರಾಂಶುಪಾಲರು ಅಪರಾಧ ಮಾಡುತ್ತಿರುತ್ತಾರೆ. ನಿವೃತ್ತ ಸೈನಿಕರನ್ನು ಡ್ರಿಲ್ ಉಸ್ತಾದರಾಗಿ, ಹೌಸ್ ಮಾಸ್ಟರ್‌ಗಳಾಗಿ ತೆಗೆದುಕೊಳ್ಳುವಾಗ ಎರಡು ವಾರ ಮಕ್ಕಳ ಬಗ್ಗೆಯೇ ತರಬೇತಿ ಕೊಡಿ. ಹತ್ತೊಂಬತ್ತರ ರಿಕ್ರೂಟ್‌ನನ್ನು ತಿದ್ದಿ ಅಭ್ಯಾಸವಿರುವವರು ಅವರು, ಹನ್ನೊಂದರ ಮಗುವಿನ ರಾತ್ರಿಯ ಅಳು ಅವರಿಗೂ ಹೊಸದು.

ದಿನಚರಿಯಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು ನಿದ್ದೆಯದು. ಐದಕ್ಕೆ ಏಳುವುದು, ಹತ್ತಕ್ಕೆ ದೀಪ ಆರಿಸುವುದು ನೋಡಲು ಶಿಸ್ತು. ಲೆಕ್ಕ ಹಾಕಿದರೆ ಏಳು ಗಂಟೆ ನಿದ್ದೆ. ಹನ್ನೆರಡರವರೆಗಿನ ಮಕ್ಕಳಿಗೆ ಕನಿಷ್ಠ 9 ಗಂಟೆ ಬೇಕು, ಹದಿಹರೆಯದವರಿಗೆ 8. ಆರು, ಏಳನೇ ತರಗತಿಗೆ ರಾತ್ರಿ 8.30ಕ್ಕೆ ದೀಪ ಆರಿಸಿ, ಬೆಳಿಗ್ಗೆ 5.45ಕ್ಕೆ ಎಬ್ಬಿಸಿ. ದೊಡ್ಡವರ ಸ್ಟಡಿ ಬೇರೆ ಕಟ್ಟಡದಲ್ಲಿ ನಡೆಯಲಿ. ನಿದ್ದೆಗೆಟ್ಟ ಮಕ್ಕಳು ಮೊದಲ ಟರ್ಮ್‌ನಲ್ಲೇ ಗಣಿತದಲ್ಲಿ ಹಿಂದೆ ಬೀಳುತ್ತಾರೆ. ಸೇನಾಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ 300 ಗಣಿತದ್ದೇ ಎಂಬುದನ್ನು ಆಗ ನೆನೆಸಿಕೊಂಡು ಪ್ರಯೋಜನವಿಲ್ಲ.

ಮೆಸ್ ಗುತ್ತಿಗೆ ಕೊಡುವಾಗ ತಲೆಗಿಷ್ಟು ಎಂದು ಒಂದೇ ದರ ಹಾಕಬೇಡಿ. ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ 2020ರ ಅಂದಾಜಿನಂತೆ 10–12ರ ಹುಡುಗನಿಗೆ ದಿನಕ್ಕೆ 2,220 ಕಿಲೊ ಕ್ಯಾಲೊರಿ, 13–15ಕ್ಕೆ 2,860, 16–18ಕ್ಕೆ 3,320. ಹುಡುಗಿಯರಿಗೆ ಕ್ರಮವಾಗಿ 2,060, 2,400, 2,500. ಶಾಲೆ ಬೆಳೆದಂತೆ ಮೆಸ್ ಖರ್ಚು ಮಕ್ಕಳ ಸಂಖ್ಯೆಗಿಂತ ವೇಗವಾಗಿ ಏರುವುದು ಇದಕ್ಕೇ. ಪಿಟಿಗೂ ತಿಂಡಿಗೂ ನಡುವೆ ಎರಡು ಗಂಟೆ ಬಿಡುವ ಶಾಲೆಗಳಲ್ಲಿ ಪರೇಡಿನಲ್ಲಿ ಮಕ್ಕಳು ತಲೆಸುತ್ತಿ ಬೀಳುತ್ತಾರೆ. ಏಳುತ್ತಲೇ ಒಂದು ಲೋಟ ಹಾಲು, ಒಂದು ಬಾಳೆಹಣ್ಣು ಕೊಟ್ಟರೆ ಅದು ನಿಲ್ಲುತ್ತದೆ. ಪರೇಡ್ ಮೈದಾನಕ್ಕೆ ಕಾಂಕ್ರೀಟ್ ಹಾಕಬೇಡಿ. ಬೆಳೆಯುವ ಮೂಳೆಗೆ, ಅದರಲ್ಲೂ ಹಿಮ್ಮಡಿ ಮತ್ತು ಮಂಡಿಯ ಕೆಳಗಿನ ಉಬ್ಬಿಗೆ, ಗಟ್ಟಿ ನೆಲದ ಮೇಲೆ ಬೂಟು ಕುಟ್ಟುವುದು ನೋವು ತರುತ್ತದೆ. ಚೆನ್ನಾಗಿ ರೋಲ್ ಮಾಡಿದ ಮೊರಂ ನೆಲ ಸಾಕು, ಎಂಟನೇ ತರಗತಿವರೆಗೆ ಕ್ಯಾನ್ವಾಸ್ ಶೂ ಸಾಕು.

ಇಷ್ಟಾದ ಮೇಲೆ ವಾಯುಯಾನ. ಇದರ ತಳಪಾಯ ಒಂದು ಒಳ್ಳೆಯ ವರ್ಕ್‌ಶಾಪ್ ಮತ್ತು ಅದಕ್ಕೊಬ್ಬ ವಾಯುಪಡೆಯ ನಿವೃತ್ತ ತಂತ್ರಜ್ಞ. ಇಡೀ ಶಾಲೆಯಲ್ಲಿ ಅತ್ಯಂತ ಬೆಲೆಯುಳ್ಳ ನೇಮಕಾತಿ ಇದು ಎಂದೇ ನಮ್ಮ ಅಭಿಪ್ರಾಯ. ಗೋಡೆಯ ಹಲಗೆಯ ಮೇಲೆ ಪ್ರತಿ ಉಪಕರಣದ ನೆರಳಿನಾಕಾರ ಬರೆದು, ಅದರ ಮೇಲೇ ಆ ಉಪಕರಣ ತೂಗುಹಾಕಿ. ತರಗತಿ ಮುಗಿದಾಗ ಒಂದು ಆಕಾರ ಖಾಲಿ ಇದ್ದರೆ ಯಾರೂ ಹೊರಗೆ ಹೋಗುವಂತಿಲ್ಲ. ಹ್ಯಾಂಗರ್‌ಗಳಲ್ಲಿ ಇದು ಜೀವ ಉಳಿಸುವ ಪದ್ಧತಿ, ಎಂಜಿನ್ ಒಳಗೆ ಮರೆತ ಒಂದು ಸ್ಪ್ಯಾನರ್ ವಿಮಾನವನ್ನೇ ಬೀಳಿಸಬಲ್ಲದು. ಆರನೇ ತರಗತಿಯ ಮಗು ಇದನ್ನು ಒಂದು ವಾರದಲ್ಲಿ ಕಲಿಯುತ್ತದೆ.

ಮೊದಲ ವರ್ಷದ ಪಾಠ ಬಾಲ್ಸಾ ಎಂಬ ಹಗುರ ಮರದಿಂದ ಮಾಡಿ ಕೈಯಿಂದ ಎಸೆಯುವ ಗ್ಲೈಡರ್, ಅಂದರೆ ಎಂಜಿನ್ ಇಲ್ಲದ ಪುಟ್ಟ ವಿಮಾನ. ರೆಕ್ಕೆಗೆ 3 ಮಿ.ಮೀ. ಹಾಳೆ, ಬಾಲಕ್ಕೆ 1.5 ಮಿ.ಮೀ., ಒಡಲಿಗೆ 6 ಮಿ.ಮೀ. ಕಡ್ಡಿ, ರೆಕ್ಕೆಯ ಉದ್ದ 40 ಸೆಂ.ಮೀ. ಸುತ್ತ. ರೆಕ್ಕೆಯ ಎರಡು ತುದಿ ಸ್ವಲ್ಪ ಮೇಲಕ್ಕೆ ಬಾಗಿರಬೇಕು, ಇಲ್ಲದಿದ್ದರೆ ವಾಲಿದ್ದು ನೇರವಾಗುವುದಿಲ್ಲ. ರೆಕ್ಕೆಯ ಮುಂದಂಚಿನಿಂದ ಅಗಲದ ಮೂರನೇ ಒಂದು ಭಾಗದಷ್ಟು ಹಿಂದೆ ಎರಡು ಬೆರಳಿಟ್ಟು ಎತ್ತಿದರೆ ಗ್ಲೈಡರ್ ಸಮವಾಗಿ ನಿಲ್ಲಬೇಕು. ಅಲ್ಲಿಯವರೆಗೆ ಮೂತಿಗೆ ಜೇಡಿಯಂಥ ಪ್ಲಾಸ್ಟಿಸಿನ್ ಅಂಟಿಸುತ್ತಾ ಹೋಗಬೇಕು. ಎಸೆದಾಗ ಮೂತಿ ಎತ್ತಿ, ನಿಂತು, ಧಡಕ್ಕನೆ ಬಿದ್ದರೆ ಮೂತಿಗೆ ಭಾರ ಸಾಲದು. ನೇರ ನೆಲಕ್ಕೆ ನುಗ್ಗಿದರೆ ಭಾರ ಹೆಚ್ಚು. ಮಕ್ಕಳು ಮಾಡುವ ತಪ್ಪು ಮೇಲಕ್ಕೆ ಜೋರಾಗಿ ಎಸೆಯುವುದು: ಮೂತಿ ತುಸು ತಗ್ಗಿಸಿ, ಗಾಳಿಗೆ ಎದುರಾಗಿ, ನಯವಾಗಿ ತಳ್ಳಬೇಕು. ಅಂಟಿಗೆ ಫೆವಿಕಾಲ್ ಹಚ್ಚಿ ರಾತ್ರಿಯಿಡೀ ಒಣಗಲು ಬಿಡಿ. ಚರ್ಮಕ್ಕೆ ಕ್ಷಣದಲ್ಲಿ ಅಂಟುವ ಸೂಪರ್ ಗ್ಲೂ ಒಂಬತ್ತನೇ ತರಗತಿಯ ಮೇಲೆ, ಸುರಕ್ಷತಾ ಕನ್ನಡಕ ಹಾಕಿಕೊಂಡವರಿಗೆ ಮಾತ್ರ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬಾಲ್ಸಾ ಸೊಟ್ಟಗಾಗುತ್ತದೆ, ಹಾಳೆಗಳನ್ನು ಮಲಗಿಸಿ ಮೇಲೆ ಭಾರ ಹೇರಿಡಿ. ಮುಂದೆ ರೇಡಿಯೊ ಮಾಡೆಲ್‌ಗೆ ಬಂದಾಗ ಲಿಥಿಯಂ ಬ್ಯಾಟರಿಗಳು ಹಾಸ್ಟೆಲ್ ಕಟ್ಟಡದೊಳಗೆ ಕಾಲಿಡಬಾರದು. ಲೋಹದ ಪೆಟ್ಟಿಗೆಯಲ್ಲಿ, ಎದುರಿಗೆ ಒಬ್ಬರು ಕೂತಿದ್ದಾಗಲೇ ಚಾರ್ಜ್ ಆಗಬೇಕು.

ಸಿಮ್ಯುಲೇಟರ್ ವಿಷಯದಲ್ಲಿ ದುಡ್ಡು ಪೋಲಾಗುವುದು ಅಲುಗಾಡುವ ಒಂದೇ ದೊಡ್ಡ ಯಂತ್ರ ಕೊಂಡಾಗ. ಉದ್ಘಾಟನೆಗೆ ಚೆಂದ, ಆಮೇಲೆ ಒಬ್ಬ ಮಗು ಕೂರುತ್ತದೆ, 39 ಮಕ್ಕಳು ಕಾಯುತ್ತಾರೆ. ಅದರ ಬದಲು ಸ್ಟಿಕ್ ಮತ್ತು ರಡರ್ ಪೆಡಲ್ ಇರುವ ಹತ್ತು ಸಾದಾ ಕಂಪ್ಯೂಟರ್ ಇಡಿ, ಒಂದಕ್ಕೆ ಇಬ್ಬರು. ಒಬ್ಬರು ನಡೆಸುವಾಗ ಇನ್ನೊಬ್ಬರು ಚೆಕ್‌ಲಿಸ್ಟ್ ಓದಿ ಅಂಕಿ ಬರೆದುಕೊಳ್ಳುತ್ತಾರೆ. ಇಪ್ಪತ್ತು ನಿಮಿಷಕ್ಕೆ ಬದಲಾವಣೆ. ಎರಡು ನಿಮಿಷ ಎತ್ತರ 100 ಅಡಿಗಿಂತ ಹೆಚ್ಚು ಏರಿಳಿಯದಂತೆ, ದಿಕ್ಕು 10 ಡಿಗ್ರಿ ಮೀರದಂತೆ ಹಿಡಿಯುವುದು ಮೊದಲ ಅಭ್ಯಾಸ. ಕೇಳಲು ಸುಲಭ, ಬಹುತೇಕ ಮಕ್ಕಳಿಗೆ ಇದಕ್ಕೇ ಒಂದು ತಿಂಗಳು ಹಿಡಿಯುತ್ತದೆ. ಯುದ್ಧದ ಆಟಗಳನ್ನು ಆ ಕಂಪ್ಯೂಟರ್‌ಗಳಲ್ಲಿ ಇಡಬೇಡಿ. ಇದರ ಜೊತೆಗೆ ಒಂದು ವಿಂಡ್‌ಸಾಕ್, ಮಳೆಮಾಪಕ, ಥರ್ಮಾಮೀಟರ್ ಗೂಡು ಇದ್ದರೆ ಪ್ರತಿದಿನ ಬೆಳಿಗ್ಗೆ ಏಳಕ್ಕೆ ಇಬ್ಬರು ಕೆಡೆಟ್‌ಗಳು ಗಾಳಿ, ಮೋಡ, ಉಷ್ಣಾಂಶ ಬರೆದು, ಹತ್ತಿರದ ವಿಮಾನ ನಿಲ್ದಾಣದ ಹವಾಮಾನ ವರದಿಯೊಂದಿಗೆ (ಮೆಟಾರ್) ಹೋಲಿಸಬಹುದು. ಇದಕ್ಕೆ ಹೆಚ್ಚೇನೂ ಖರ್ಚಿಲ್ಲ.

ಅಂಗಳದಲ್ಲಿ ನಿಲ್ಲಿಸುವ ನಿವೃತ್ತ ವಿಮಾನದ ಮೋಹ ಎಲ್ಲರಿಗೂ ಇದೆ, 2025ರ ಸೆಪ್ಟೆಂಬರ್ 26ರಂದು ಮಿಗ್-21 ಸೇವೆಯಿಂದ ನಿವೃತ್ತಿಯಾದ ಮೇಲೆ ಹೆಚ್ಚಾಗಿದೆ. ವಾಯುಪಡೆಗೆ ಅರ್ಜಿ ಹಾಕಿ, ಆದರೆ ಬಿಚ್ಚಿ ತರುವ, ಜೋಡಿಸುವ, ಪೀಠ ಕಟ್ಟುವ ಖರ್ಚನ್ನು ಬಜೆಟ್‌ನಲ್ಲಿ ಮೊದಲೇ ಹಿಡಿದಿಡಿ. ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಎಜೆಕ್ಷನ್ ಸೀಟಿನ ಸ್ಫೋಟಕ ಕಾರ್ಟ್ರಿಜ್‌ಗಳನ್ನು ತೆಗೆದಿರುವುದಕ್ಕೆ ಲಿಖಿತ ದಾಖಲೆ ಪಡೆಯಿರಿ. ಹಳೆಯ ವಿಮಾನಗಳ ಹೊಳೆಯುವ ಮೀಟರ್ ಮುಖಗಳಲ್ಲಿ ವಿಕಿರಣ ಸೂಸುವ ರೇಡಿಯಂ ಬಣ್ಣ ಇರಬಹುದು, ಅದನ್ನೂ ಪರೀಕ್ಷೆ ಮಾಡಿಸಿ. ಮಳೆನೀರು ಒಡಲಲ್ಲಿ ನಿಲ್ಲದಂತೆ ತಳದ ರಂಧ್ರಗಳನ್ನು ತೆರೆದಿಡಿ, ಗಾಳಿ ಒಳಸೇರುವ ಬಾಯಿಗಳಿಗೆ ಹಕ್ಕಿ ಗೂಡು ಕಟ್ಟದಂತೆ ಬಲೆ ಹಾಕಿ.

ಕೊನೆಯದಾಗಿ, ಪೋಷಕರಿಗೆ ಹೇಳಲು ಯಾರೂ ಮುಂದಾಗದ ವಿಷಯ. ಎನ್‌ಡಿಎ ಮೂಲಕ ವಾಯುಪಡೆಯ ಫ್ಲೈಯಿಂಗ್ ಬ್ರಾಂಚ್‌ಗೆ ಹೋಗಲು ಸಮೀಪದೃಷ್ಟಿಯ ಕನ್ನಡಕ ಇರುವಂತಿಲ್ಲ, ಬಣ್ಣಗಳ ಗ್ರಹಿಕೆ ನಿಖರವಾಗಿರಬೇಕು. ಎತ್ತರ ಕನಿಷ್ಠ 162.5 ಸೆಂ.ಮೀ., ಕಾಲಿನ ಉದ್ದ 99ರಿಂದ 120, ತೊಡೆಯ ಉದ್ದ 64 ಮೀರದಂತೆ, ಕೂತಾಗಿನ ಎತ್ತರ 81.5ರಿಂದ 96 ಸೆಂ.ಮೀ. ಒಳಗೆ. ಮೈಸೂರಿನಂಥ ಆಯ್ಕೆ ಕೇಂದ್ರಗಳಲ್ಲಿ ನಡೆಯುವ ಸಿಪಿಎಸ್‌ಎಸ್ ಎಂಬ ಪೈಲಟ್ ಆಯ್ಕೆಯ ಕಂಪ್ಯೂಟರ್ ಪರೀಕ್ಷೆಯಲ್ಲಿ ಒಮ್ಮೆ ಅನುತ್ತೀರ್ಣನಾದರೆ ಜೀವಮಾನದಲ್ಲಿ ಇನ್ನೊಂದು ಅವಕಾಶವಿಲ್ಲ. ಪೈಲಟ್ ಆಗಬೇಕೆಂದು ಬರುವ ಮಕ್ಕಳಲ್ಲಿ ಬಹಳ ಮಂದಿಗೆ ಈ ಬಾಗಿಲು ಮುಚ್ಚಿರುತ್ತದೆ, ತಪ್ಪು ಅವರದಲ್ಲ. ಹನ್ನೆರಡನೇ ತರಗತಿ ಮುಗಿದ ಮೇಲೆ ಇದು ಗೊತ್ತಾಗುವುದು ಕ್ರೌರ್ಯ.

ಬಣ್ಣದ ಪರೀಕ್ಷೆಯನ್ನು ಆರನೇ ತರಗತಿಯಲ್ಲೇ ಮಾಡಿಸಿ, ಕಣ್ಣಿನ ಪರೀಕ್ಷೆಯನ್ನು ಪ್ರತಿವರ್ಷ. ದಿನಕ್ಕೆ ಎರಡು ಗಂಟೆ ಹಗಲು ಬೆಳಕಿನಲ್ಲಿ ಹೊರಗಿದ್ದರೆ ಸಮೀಪದೃಷ್ಟಿ ಬರುವ ಸಾಧ್ಯತೆ ಕಡಿಮೆಯಾಗುತ್ತದೆ, ಸಂಜೆಯ ಆಟದ ಅವಧಿಯನ್ನು ಟ್ಯೂಷನ್‌ಗೆ ಬಲಿ ಕೊಡಬೇಡಿ. ಫಲಿತಾಂಶವನ್ನು ಒಂಬತ್ತನೇ ತರಗತಿಯ ಕೊನೆಗೆ ಪೋಷಕರಿಗೂ ಮಗುವಿಗೂ ಒಟ್ಟಿಗೆ ಕೂರಿಸಿ ಹೇಳಿ. ಹೇಳುವಾಗ ವಾಯುಪಡೆಯ ತಾಂತ್ರಿಕ ಶಾಖೆ, ಹವಾಮಾನ ವಿಭಾಗ, ವಿಮಾನ ಸಂಚಾರ ನಿಯಂತ್ರಣ, ಏರೋನಾಟಿಕಲ್ ಎಂಜಿನಿಯರಿಂಗ್, ವಿಮಾನ ನಿರ್ವಹಣಾ ಲೈಸೆನ್ಸ್ ಇವುಗಳ ಅರ್ಹತೆಯ ಪಟ್ಟಿ ಕೈಯಲ್ಲಿರಲಿ. ಅವುಗಳಿಗೂ ತಮ್ಮದೇ ವೈದ್ಯಕೀಯ ಮಾನದಂಡಗಳಿವೆ, ಯಾವುದು ತೆರೆದಿದೆ ಎಂದು ಆ ಮಗುವಿನ ಅಳತೆಯೊಂದಿಗೆ ಹೋಲಿಸಿಯೇ ಹೇಳಿ. 2022ರಿಂದ ಎನ್‌ಡಿಎಗೆ ಹುಡುಗಿಯರೂ ಹೋಗುತ್ತಿರುವುದರಿಂದ ಈ ಮಾತುಕತೆ ಅವರಿಗೂ ಇಷ್ಟೇ ವಿವರವಾಗಿ ನಡೆಯಬೇಕು.