ಮಷೀನಿಗಿಂತ ಮೊದಲು ಗೋಡೆಯ ಪುಡಿ ನೋಡಿ

ಕಳೆದ ತಿಂಗಳು ಬೆಂಗಳೂರಿನ ಅಪಾರ್ಟ್‌ಮೆಂಟೊಂದರಿಂದ ಕರೆ ಬಂತು. ಹೊಸದಾಗಿ 18 ವೋಲ್ಟಿನ ಕಾರ್ಡ್‌ಲೆಸ್ ಹ್ಯಾಮರ್ ಡ್ರಿಲ್ ಕೊಂಡವರೊಬ್ಬರು ಪುಸ್ತಕದ ಶೆಲ್ಫ್ ಹಾಕಲು ಹೋಗಿ ಗೋಡೆಯಲ್ಲಿ ನಾಲ್ಕು ಗವಿ ತೋಡಿಕೊಂಡಿದ್ದರು. ತೂತಿನಲ್ಲಿ ಪ್ಲಾಸ್ಟಿಕ್ ಪ್ಲಗ್ ಇಟ್ಟು ಸ್ಕ್ರೂ ತಿರುಗಿಸಿದರೆ ಪ್ಲಗ್ಗೂ ಜೊತೆಗೇ ಗಿರಗಿರ ತಿರುಗುತ್ತಿತ್ತು. ಮಷೀನಿನಲ್ಲೇ ದೋಷವೆಂದು ಅವರು ತೀರ್ಮಾನಿಸಿಯಾಗಿತ್ತು. ನಾನು ಮಷೀನನ್ನು ಮುಟ್ಟಲಿಲ್ಲ, ನೆಲಕ್ಕೆ ಬಿದ್ದ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದೆ. ಅಕ್ಕಿಹಿಟ್ಟಿನಂತೆ ಬೆಳ್ಳಗೆ, ಹಗುರವಾಗಿತ್ತು. ಎಎಸಿ ಎಂಬ ಹಗುರ ಕಾಂಕ್ರೀಟ್ ಬ್ಲಾಕ್! ಒಳಗೆಲ್ಲ ಗಾಳಿಗುಳ್ಳೆ ತುಂಬಿದ ಈ ಬ್ಲಾಕಿಗೆ ಹ್ಯಾಮರಿನ ಪೆಟ್ಟು ಕೊಡುವುದೆಂದರೆ ರವೆ ಉಂಡೆಗೆ ಮೊಳೆ ಹೊಡೆದಂತೆ.

ಎಲೆಕ್ಟ್ರಿಕಲ್ ಮತ್ತು ಫಿಟ್ಟಿಂಗ್ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಪುಡಿಯೇ ಗೋಡೆಯ ಜಾತಕ. ಕೆಂಪಾಗಿದ್ದರೆ ಸುಟ್ಟ ಇಟ್ಟಿಗೆ, ಬೂದು ಬಣ್ಣದಲ್ಲಿ ಮರಳು ಮರಳಾಗಿದ್ದರೆ ಸಾಲಿಡ್ ಬ್ಲಾಕ್, ಬೂದು ಬಣ್ಣವೇ ಆದರೂ ಸಿಮೆಂಟಿನಂತೆ ನುಣ್ಣಗಿದ್ದು, ಡ್ರಿಲ್ಲಿನ ಬಿಟ್ಟು (ಕೊರೆಯುವ ಕಡ್ಡಿ) ಮುಂದೆ ಹೋಗೆನೆಂದು ಹಟ ಮಾಡಿದರೆ ಕಾಂಕ್ರೀಟ್. ಕರಾವಳಿಯ ಮುರಕಲ್ಲಿನ ಪುಡಿಯೂ ಕೆಂಪೇ. ಆದರೆ ಅಲ್ಲಿ ಕಲ್ಲಿನೊಳಗಿನ ಪೊಳ್ಳಿಗೆ ಬಿಟ್ಟು ದಿಢೀರನೆ ಇಳಿದುಬಿಡುತ್ತದೆ. ಹೀಗಾಗಿ ಉದ್ದನೆಯ ಪ್ಲಗ್ ಬೇಕು, ಹ್ಯಾಮರ್ ಹೆಚ್ಚಾಗಿ ಬೇಕಿಲ್ಲ. ಮೊದಲ ಅರ್ಧ ಇಂಚಿನಲ್ಲಿ ಬರುವುದು ಬರೀ ಗಿಲಾವಿನ ಪುಡಿ, ಅದನ್ನು ನಂಬಬೇಡಿ. ಅದೇ ಕಾರಣಕ್ಕೆ 25 ಮಿಲಿಮೀಟರಿನ ಪ್ಲಗ್ ಭಾರ ಹೊರುವ ಕೆಲಸಕ್ಕೆ ಬರುವುದಿಲ್ಲ, ಅದರ ಅರ್ಧ ಭಾಗ ಗಿಲಾವಿನಲ್ಲೇ ಉಳಿಯುತ್ತದೆ.

ಹ್ಯಾಮರ್ ಡ್ರಿಲ್ ಎಂಬ ಹೆಸರೇ ಜನರನ್ನು ದಾರಿ ತಪ್ಪಿಸುತ್ತದೆ. ಒಳಗೆ ಸುತ್ತಿಗೆಯೇನೂ ಇಲ್ಲ. ಹಲ್ಲುಗಳಿರುವ ಎರಡು ಲೋಹದ ಬಿಲ್ಲೆಗಳು ಎದುರುಬದುರಾಗಿ ಕೂತಿರುತ್ತವೆ. ನೀವು ಮಷೀನನ್ನು ಗೋಡೆಗೆ ಒತ್ತಿದಾಗ ಅವು ಒಂದರ ಮೇಲೊಂದು ಜಾರಿ, ಬಿಟ್ಟನ್ನು ಮುಂದಕ್ಕೂ ಹಿಂದಕ್ಕೂ ಅತಿ ಸಣ್ಣ ಅಂತರದಲ್ಲಿ ಕುಣಿಸುತ್ತವೆ. ನಿಮಿಷಕ್ಕೆ 25,000 ಪೆಟ್ಟು ಎಂದು ಡಬ್ಬದ ಮೇಲೆ ಬರೆದಿರುವುದು ಸುಳ್ಳಲ್ಲ. ಆದರೆ ಒಂದೊಂದು ಪೆಟ್ಟೂ ಇರುವೆ ಕಚ್ಚಿದಷ್ಟೇ. ಇಟ್ಟಿಗೆಗೆ, ಸಾಲಿಡ್ ಬ್ಲಾಕಿಗೆ ಅಷ್ಟು ಸಾಕು. ಕಂಬ, ತೊಲೆ, ಸೈಜುಗಲ್ಲಿನ ಗೋಡೆ, ಅಥವಾ ಅಲ್ಯೂಮಿನಿಯಂ ಅಚ್ಚಿನಲ್ಲಿ ಇಡೀ ಗೋಡೆಯನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ದ ಹೊಸ ಅಪಾರ್ಟ್‌ಮೆಂಟು ಸಿಕ್ಕಿದರೆ ಮೈಭಾರವೆಲ್ಲ ಹಾಕಿ ಒತ್ತಬೇಡಿ. ಬಿಟ್ಟಿನ ತುದಿಯ ಗಟ್ಟಿ ತುಣುಕು (ಕಾರ್ಬೈಡ್) ಕಾದು ಕಿತ್ತುಬರುತ್ತದೆ, ಬ್ಯಾಟರಿ ಬೇಯುತ್ತದೆ. ಒಳಗೆ ಪಿಸ್ಟನ್ ಇರುವ ರೋಟರಿ ಹ್ಯಾಮರನ್ನು ಅರ್ಧ ದಿನಕ್ಕೆ ಬಾಡಿಗೆ ತನ್ನಿ. ನಿಮ್ಮ ಮಷೀನಿನಲ್ಲಿ ಹತ್ತು ನಿಮಿಷ ಹೆಣಗುವ ತೂತು ಅದರಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಕಾಂಕ್ರೀಟಿನಲ್ಲಿ ಇನ್ನೊಂದು ಅಪಾಯವಿದೆ. ಒಂದಿಂಚು ಒಳಗೆ ಹೋಗುತ್ತಲೇ ಕಂಬಿ ಎದುರಾಗಬಹುದು. ಬಿಟ್ಟು ಹಠಾತ್ತನೆ ಸಿಕ್ಕಿಕೊಂಡರೆ ತಿರುಗುವ ಸರದಿ ಮಷೀನಿನದು, ಅದರ ಜೊತೆಗೆ ನಿಮ್ಮ ಮಣಿಕಟ್ಟಿನದು. ಮುಂಭಾಗದ ಉಂಗುರದಲ್ಲಿ 1, 2, 3 ಎಂದು ಅಂಕಿಗಳಿವೆಯಲ್ಲ, ಬಿಗಿ ಹೆಚ್ಚಾದಾಗ ಜಾರಿಬಿಡುವ ಆ ಕ್ಲಚ್ ಇರುವುದು ಸ್ಕ್ರೂ ಹಾಕುವುದಕ್ಕೆ. ಡ್ರಿಲ್ ಅಥವಾ ಸುತ್ತಿಗೆಯ ಗುರುತಿಗೆ ತಿರುಗಿಸಿದಾಗ ಸಾಮಾನ್ಯವಾಗಿ ಅದು ಕೆಲಸ ಮಾಡುವುದಿಲ್ಲ. ಡಬ್ಬದಲ್ಲಿ ಬರುವ ಪಕ್ಕದ ಹಿಡಿಕೆಯನ್ನು ಮೂಲೆಗೆ ಎಸೆಯುವವರೇ ಹೆಚ್ಚು. ನನ್ನ ಕೈಗೆ ಒಮ್ಮೆ ಮೂರು ವಾರ ಪಟ್ಟಿ ಬಿದ್ದ ಮೇಲೆ ನಾನು ಅದನ್ನು ಕಳಚಿಯೇ ಇಲ್ಲ. ಕಂಬಿ ಸಿಕ್ಕಿದರೆ ಅದರ ಜೊತೆ ಜಗಳವಾಡದೆ ಎರಡಿಂಚು ಸರಿದು ಹೊಸ ತೂತು ಹಾಕಿ.

ಕಾರ್ಡ್‌ಲೆಸ್ ಮಷೀನಿನ ನಿಜವಾದ ಉಪಕಾರ ಯಾವುದೆಂದು ಕೇಳಿದರೆ ವೈರಿನ ಕಾಟವಿಲ್ಲದಿರುವುದು ಎನ್ನುತ್ತಾರೆ. ನಾನು ಬೇರೆ ಉತ್ತರ ಹೇಳುತ್ತೇನೆ: ಮನೆಯ ಕರೆಂಟು ತೆಗೆದು ಕೆಲಸ ಮಾಡಬಹುದು. ಹಳೆಯ ಮಷೀನಿಗೆ ಕರೆಂಟು ಬೇಕೇ ಬೇಕಿತ್ತು, ಹಾಗಾಗಿ ಜೀವಂತ ವೈರುಗಳಿರುವ ಗೋಡೆಯನ್ನೇ ಕೊರೆಯುತ್ತಿದ್ದೆವು. ಈಗ ಆ ನೆಪವಿಲ್ಲ, ಕರೆಂಟು ತೆಗೆಯುವ ಎಂಸಿಬಿ ಸ್ವಿಚ್ ಕೆಳಗಿಳಿಸಿ ಶುರು ಮಾಡಿ. ಆದರೆ ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ತೆಗೆದ ಕೂಡಲೇ ಅದು ಎಚ್ಚರಗೊಂಡು ಫ್ಯಾನು, ದೀಪದ ವೈರುಗಳಿಗೆ ಕರೆಂಟು ಹರಿಸುತ್ತದೆ. ಕರೆಂಟು ತೆಗೆದಿದ್ದೇನೆ ಎಂಬ ಧೈರ್ಯದಲ್ಲಿ ಕೊರೆದು, ಕಿಡಿ ಹಾರಿದಾಗ ಬೆಪ್ಪಾಗಿ ನಿಂತವನು ನಾನೇ. ಇನ್ವರ್ಟರನ್ನೂ ಆರಿಸಿ, ಟೆಸ್ಟರಿನಲ್ಲಿ ನೋಡಿ, ಆಮೇಲೆ ಮುಂದುವರಿಯಿರಿ. ಸ್ವಿಚ್‌ಬೋರ್ಡಿನಿಂದ ನೇರ ಮೇಲಕ್ಕೆ, ನಲ್ಲಿಯಿಂದ ಮೇಲಕ್ಕೂ ಕೆಳಕ್ಕೂ ಒಂದು ಗೆರೆ ಕಲ್ಪಿಸಿಕೊಂಡು ಎರಡೂ ಬದಿ ಅರ್ಧ ಅಡಿ ಬಿಡುವುದು ಕನಿಷ್ಠ ಜಾಗ್ರತೆ. ಗೀಸರ್ ಮತ್ತು ಎಸಿಯ ವೈರುಗಳು ಅಡ್ಡಡ್ಡ ಹೋಗಿರುವುದೂ ಉಂಟು. ವೈರು ಹುಡುಕುವ ಪುಟ್ಟ ಉಪಕರಣ ಒಳ್ಳೆಯದೇ, ಆದರೆ ಕಂಬ ಮತ್ತು ಗೋಡೆ ಸೇರುವಲ್ಲಿ ಗಿಲಾವಿನೊಳಗೆ ತಂತಿಯ ಕೋಳಿಬಲೆ ಹಾಕಿರುತ್ತಾರೆ, ಅದರ ಮೇಲೆ ಇಟ್ಟರೆ ಉದ್ದಕ್ಕೂ ಕೂಗುತ್ತಲೇ ಇರುತ್ತದೆ.

ಟೈಲ್ಸಿನ ಮೇಲೆ ಹ್ಯಾಮರ್ ಬೇಡವೇ ಬೇಡ. ಅಂಟುಪಟ್ಟಿ ಹಚ್ಚಿ, ಟೈಲ್ ಬಿಟ್ಟಿನಲ್ಲಿ ನಿಧಾನ ವೇಗದಲ್ಲಿ ದಾಟಿದ ಮೇಲೆ ಮಾತ್ರ ಹಿಂದಿನ ಗೋಡೆಗೆ ಬೇಕಾದರೆ ಉಂಗುರ ತಿರುಗಿಸಿ.

ಪುಡಿ ನೋಡಿ ಎಂದೆ, ಕುಡಿಯಿರಿ ಎನ್ನಲಿಲ್ಲ. ಕಾಂಕ್ರೀಟು, ಕಲ್ಲು, ಇಟ್ಟಿಗೆಯ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತರೆ ಮತ್ತೆ ಏಳುವುದಿಲ್ಲ. ಅದರಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್, 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲೇ ಅಧಿಸೂಚಿತ (ಸರ್ಕಾರಕ್ಕೆ ತಿಳಿಸಲೇಬೇಕಾದ) ಕಾಯಿಲೆಯಾಗಿತ್ತು. ಮೂಗಿಗೆ ಕರವಸ್ತ್ರ ಕಟ್ಟುವುದು ಸಮಾಧಾನಕ್ಕಷ್ಟೇ, ಎನ್95 ಮಾಸ್ಕ್ ಹಾಕಿ. ಕಣ್ಣಿಗೆ ಕನ್ನಡಕ, ಅದರಲ್ಲೂ ತಲೆಯ ಮೇಲೆ ಕೊರೆಯುವಾಗ. ತೂತಿನೊಳಗಿನ ಪುಡಿಯನ್ನು ಬಾಯಿಂದ ಊದುವ ಅಭ್ಯಾಸವಿದ್ದರೆ ಬಿಡಿ, ಹಳೆಯ ಸೈಕಲ್ ಪಂಪು ಆ ಕೆಲಸ ಚೆನ್ನಾಗಿ ಮಾಡುತ್ತದೆ. ಪುಡಿ ಒಳಗೇ ಉಳಿದರೆ ಪ್ಲಗ್ ಪೂರ್ತಿ ಕೂರುವುದಿಲ್ಲ, ಆದ್ದರಿಂದ ಪ್ಲಗ್ಗಿಗಿಂತ ಒಂದು ಸೆಂಟಿಮೀಟರ್ ಹೆಚ್ಚೇ ಕೊರೆಯಿರಿ. ಇಳಿಬಿದ್ದ ವೇಲು, ಸಡಿಲ ತೋಳು, ಕೊರಳ ಸರ, ಕಟ್ಟದ ಜಡೆ ತಿರುಗುವ ಚಕ್ಕಿನ (ಬಿಟ್ಟನ್ನು ಹಿಡಿದಿಡುವ ಭಾಗದ) ಹತ್ತಿರ ಬರಬಾರದು. ದೊಗಳೆ ಗ್ಲೌಸೂ ಅಷ್ಟೇ ಅಪಾಯ.

ಆ ಅಪಾರ್ಟ್‌ಮೆಂಟಿನವರ ಶೆಲ್ಫಿಗೆ ಹಳೆಯ ಗವಿಗಳನ್ನು ಮುಚ್ಚಿ, ಸುತ್ತಿಗೆಯ ಗುರುತಿನಿಂದ ಉಂಗುರವನ್ನು ಬರೀ ಡ್ರಿಲ್ಲಿಗೆ ತಿರುಗಿಸಿ, ಬೇರೆ ಜಾಗದಲ್ಲಿ ನಾಲ್ಕು ತೂತು ಕೊರೆದು ಎಎಸಿಗೆಂದೇ ಬರುವ ನೈಲಾನ್ ಪ್ಲಗ್ ಕೂರಿಸಿದೆ. ಹೊರಡುವಾಗ ಅವರಿಗೆ ಇನ್ನೊಂದು ಸಂಶಯ: ನೆರೆಮನೆಯವರದು 20 ವೋಲ್ಟಂತೆ, ತಾನು ಮೋಸ ಹೋದೆನೇ ಎಂದು. ಎರಡರಲ್ಲೂ ಐದು ಸೆಲ್ಲುಗಳ ಸಾಲೇ ಇರುವುದು. ಪೂರ್ತಿ ಚಾರ್ಜಾದ ಗಳಿಗೆಯ ಲೆಕ್ಕ 20, ಕೆಲಸ ಮಾಡುವಾಗಿನ ಲೆಕ್ಕ 18. ಬಿಟ್ಟು ಬದಲಿಸುವಾಗಲೆಲ್ಲ ಬ್ಯಾಟರಿ ಕಳಚಿ, ಬಿಸಿಯಿದ್ದಾಗ ಚಾರ್ಜಿಗೆ ಹಾಕಬೇಡಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ ಎಂದು ಹೇಳಿ ಮೆಟ್ಟಿಲಿಳಿದೆ.