ಔಟ್‌ಬೋರ್ಡ್ ಕಾರ್ಬ್ಯುರೇಟರ್ ಓವರ್‌ಫ್ಲೋ: ನೀಡಲ್ ಬದಲಿಸುವ ಮೊದಲು ಬಲ್ಬ್ ಒತ್ತಿ ನೋಡಿ

ಪ್ರಶ್ನೆ: ನಮ್ಮದು ನಾಡದೋಣಿ, 9.9 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹೊರಬದಿಗೆ ಕಟ್ಟುವ ಎಂಜಿನ್). ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುತ್ತೇವೆ. ಇತ್ತೀಚೆಗೆ ಬೆಳಿಗ್ಗೆ ಹಗ್ಗ ಎಳೆದೆಳೆದು ಕೈ ಸೋಲುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಒದ್ದೆ, ಕಾರ್ಬ್ಯುರೇಟರ್ ಬಾಯಿಂದ ಎಣ್ಣೆ ಸೋರುತ್ತದೆ. ಎಣ್ಣೆಯ ದಾರಿ ಮುಚ್ಚುವ ನೀಡಲನ್ನು ಹೊಸದಾಗಿ ಹಾಕಿಸಿದೆವು. ಸ್ವಲ್ಪ ದಿನ ಸರಿ ಇದ್ದು ಮತ್ತೆ ಅದೇ ಕತೆ. ಕಾರ್ಬ್ಯುರೇಟರನ್ನೇ ಬದಲಿಸಬೇಕಾ?

ಉತ್ತರ: ಬಹುಮಟ್ಟಿಗೆ ಬೇಡ. ಹೊಸ ಕಾರ್ಬ್ಯುರೇಟರಿಗೆ ದುಡ್ಡು ಹಾಕುವ ಮೊದಲು ಎಣ್ಣೆ (ಪೆಟ್ರೋಲ್ ಅಥವಾ ಸೀಮೆಎಣ್ಣೆ) ಯಾವಾಗ, ಎಲ್ಲಿಂದ ಉಕ್ಕುತ್ತಿದೆ ಎಂದು ಕಣ್ಣಾರೆ ನೋಡಬೇಕು. ನೀಡಲ್ ಹಾಕಿದ ಮೇಲೂ ತೊಂದರೆ ಮರುಕಳಿಸಿದೆ ಎಂದರೆ, ಹಳೆಯ ನೀಡಲನ್ನು ಕೆಡಿಸಿದ ಕಾರಣ ಇನ್ನೂ ಅಲ್ಲೇ ಇದೆ. ಇಲ್ಲವೇ ತಪ್ಪು ನೀಡಲಿನದ್ದೇ ಆಗಿರಲಿಲ್ಲ.

ಗಂಗೊಳ್ಳಿಯಿಂದ ಉಳ್ಳಾಲದವರೆಗಿನ ನಾಡದೋಣಿಯವರಿಗೆ ಇದು ಸಣ್ಣ ವಿಷಯವಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರೀಕೃತ ಬೋಟುಗಳು ಬಂದರಿನಲ್ಲಿ ಕಟ್ಟಿರುತ್ತವೆ. 10 ಎಚ್‌ಪಿವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ಕಡಲಿಗಿಳಿಯುವ ಅವಕಾಶ. ಅಂದರೆ ಕಡಲು ಒರಟಾಗಿರುವ ಕಾಲದಲ್ಲೇ ಈ ಪುಟ್ಟ ಎಂಜಿನನ್ನು ನಂಬಿ ಅಳಿವೆ ದಾಟಬೇಕು. ಅಲೆ ಒಡೆಯುವ ಜಾಗದಲ್ಲಿ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಮುಂದಿನ ಅಲೆ ಅದನ್ನು ಮಗುಚಿ ಹಾಕಬಹುದು. ಅದಕ್ಕಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಎಣ್ಣೆಗೆ ಗಾಳಿ ಬೆರೆಸಿ ಎಂಜಿನಿಗೆ ಕಳಿಸುವುದು ಕಾರ್ಬ್ಯುರೇಟರ್. ಅದರ ಅಡಿಯಲ್ಲಿರುವ ಬಟ್ಟಲಿನ ಕೆಲಸ ಮನೆಯ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವಿನಂತೆಯೇ. ಎಣ್ಣೆ ತುಂಬಿದಂತೆ ಅದರಲ್ಲಿ ತೇಲುವ ಫ್ಲೋಟ್ ಮೇಲೇಳುತ್ತದೆ, ನೀಡಲನ್ನು ಸೀಟಿಗೆ (ಅದು ಕೂರುವ ತೂತಿಗೆ) ಒತ್ತಿ ದಾರಿ ಮುಚ್ಚುತ್ತದೆ. ಎಂಜಿನ್ ಎಣ್ಣೆ ಕುಡಿದಷ್ಟೂ ಫ್ಲೋಟ್ ಇಳಿಯುತ್ತದೆ, ದಾರಿ ತೆರೆಯುತ್ತದೆ. ಈ ಮುಚ್ಚುವ ಕೆಲಸ ಕೆಟ್ಟಾಗ ಎಣ್ಣೆ ಬಟ್ಟಲು ಮೀರಿ ಕಾರ್ಬ್ಯುರೇಟರಿನ ಗಂಟಲಿಗೆ, ಅಂದರೆ ಗಾಳಿ ಹೋಗುವ ದಾರಿಗೆ, ಬರುತ್ತದೆ. ಆದರೆ ಪ್ಲಗ್ ಒದ್ದೆಯಾಗಲು ಬೇರೆ ಕಾರಣಗಳೂ ಇವೆ. ಎಲ್ಲವನ್ನೂ ಓವರ್‌ಫ್ಲೋ ಎಂದು ಕರೆದು ಎಲ್ಲದಕ್ಕೂ ನೀಡಲ್ ಬದಲಿಸುವುದರಿಂದಲೇ ನಿಮ್ಮಂಥವರ ದುಡ್ಡು ಹಾಳಾಗುತ್ತಿರುವುದು.

ಮೊದಲ ಪರೀಕ್ಷೆಗೆ ಸ್ಪ್ಯಾನರ್ ಬೇಡ. ದೋಣಿಯ ತಳದಲ್ಲಿ ಚೆಲ್ಲಿದ ಪೆಟ್ರೋಲನ್ನು ಒರೆಸಿ, ಗಾಳಿಯಾಡಲು ಬಿಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ಹೊಟ್ಟೆಯಲ್ಲೇ ಕೂತಿರುತ್ತದೆ. ಹತ್ತಿರ ಯಾರೂ ಬೀಡಿ ಹಚ್ಚಬಾರದು. ಎಂಜಿನ್ ನೆಟ್ಟಗೆ ನಿಂತಿರಬೇಕು. ಮೇಲೆತ್ತಿ ವಾಲಿಸಿಟ್ಟ ಎಂಜಿನಿನಲ್ಲಿ ಫ್ಲೋಟ್ ಓರೆಯಾಗಿ, ಒಳ್ಳೆಯ ಕಾರ್ಬ್ಯುರೇಟರ್ ಕೂಡ ಸೋರುತ್ತದೆ. ಮುಚ್ಚಳ ತೆಗೆದು, ಕಾರ್ಬ್ಯುರೇಟರಿನ ಮುಂದಿನ ಗಾಳಿ ಕವರ್ ಬಿಚ್ಚಿ, ಗಂಟಲು ಕಾಣುವ ಹಾಗೆ ಮಾಡಿ. ಎಂಜಿನ್ ಸ್ಟಾರ್ಟ್ ಮಾಡದೆ, ಟ್ಯಾಂಕಿನಿಂದ ಬರುವ ಪೈಪಿನ ನಡುವೆ ಇರುವ ರಬ್ಬರಿನ ಬಲ್ಬನ್ನು ನಿಧಾನವಾಗಿ ಒತ್ತಿ. ಬಟ್ಟಲು ತುಂಬಿದ ಕೂಡಲೇ ಬಲ್ಬ್ ಗಟ್ಟಿಯಾಗಬೇಕು. ಗಟ್ಟಿಯಾದ ಮೇಲೆ ಬಲ ಹಾಕಿ ಮತ್ತೂ ಹಿಂಡಬೇಡಿ, ಕೈಯ ಒತ್ತಡ ಸರಿ ಇರುವ ನೀಡಲನ್ನೂ ಮೀರಿ ಎಣ್ಣೆ ನುಗ್ಗಿಸಬಲ್ಲದು.

ಈಗ ಹತ್ತು ನಿಮಿಷ ಕಾಯಿರಿ. ಬಲ್ಬ್ ಗಟ್ಟಿಯಾಗದೆ, ಗಂಟಲಿನಿಂದ ಎಣ್ಣೆ ತೊಟ್ಟಿಕ್ಕಿದರೆ ತಪ್ಪು ನೀಡಲ್, ಸೀಟ್ ಅಥವಾ ಫ್ಲೋಟಿನದು. ಬಲ್ಬ್ ಗಟ್ಟಿಯಾಗಿಯೇ ಉಳಿದು ಗಂಟಲು ಒಣಗಿದ್ದರೆ ಕಾರ್ಬ್ಯುರೇಟರಿನ ಈ ಭಾಗ ಸರಿ ಇದೆ, ಬಿಚ್ಚುವುದೇ ಬೇಡ. ಗಂಟಲು ಒಣಗಿದೆ, ಹೊರಗೆ ಎಲ್ಲೂ ಸೋರಿಕೆ ಕಾಣುತ್ತಿಲ್ಲ, ಆದರೂ ಬಲ್ಬ್ ಮೆಲ್ಲಗೆ ಮೆದುವಾಗುತ್ತಿದೆ ಎಂದರೆ ಫ್ಯೂಯಲ್ ಪಂಪಿನ ಡಯಾಫ್ರಾಮ್ ಮೇಲೆ ಅನುಮಾನ ಪಡಿ.

ಈ ಡಯಾಫ್ರಾಮನ್ನು ಬಹಳ ಜನ ಮರೆಯುತ್ತಾರೆ. ಟೂ ಸ್ಟ್ರೋಕ್ ಎಂಜಿನಿನಲ್ಲಿ ಪಂಪನ್ನು ಆಡಿಸುವುದು ಕ್ರ್ಯಾಂಕ್‌ಕೇಸಿನೊಳಗಿನ (ಪಿಸ್ಟನ್ ಹಿಂದಿನ ಕೋಣೆಯ) ಒತ್ತಡದ ಏರಿಳಿತ. ನಡುವೆ ಇರುವ ತೆಳು ಹಾಳೆ ಹರಿದರೆ ಎಣ್ಣೆ ಕಾರ್ಬ್ಯುರೇಟರಿಗೆ ಹೋಗುವ ಬದಲು ಆ ತೂತಿನ ಮೂಲಕ ನೇರ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಪ್ಲಗ್ ಒದ್ದೆ, ಬಿಳಿ ಹೊಗೆ, ಐಡಲಿನಲ್ಲಿ ನಿಲ್ಲದಿರುವುದು ಎಲ್ಲವೂ ಓವರ್‌ಫ್ಲೋ ಹಾಗೆಯೇ ಕಾಣುತ್ತದೆ. ಎರಡು ಸಿಲಿಂಡರಿನ ಎಂಜಿನಿನಲ್ಲಿ ಒಂದು ಸುಳಿವಿದೆ: ಪಂಪಿಗೆ ಒತ್ತಡ ಕೊಡುವ ಸಿಲಿಂಡರಿನ ಪ್ಲಗ್ ಮಾತ್ರ ಸದಾ ಒದ್ದೆ, ಇನ್ನೊಂದು ಒಣ. ನಿಮ್ಮದರಲ್ಲಿ ಎರಡೂ ಪ್ಲಗ್ ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿ. ಡಯಾಫ್ರಾಮ್ ಕಿಟ್ ಕಾರ್ಬ್ಯುರೇಟರಿನ ಬೆಲೆಯ ಮುಂದೆ ಏನೂ ಅಲ್ಲ.

ಕಾರ್ಬ್ಯುರೇಟರ್ ಸರಿ, ಪಂಪ್ ಸರಿ, ಆದರೂ ಬೆಳಿಗ್ಗೆ ಒದ್ದಾಟ ಎಂದಾದರೆ ಹಿಂದಿನ ದಿನ ಎಂಜಿನ್ ಹೇಗೆ ನಿಲ್ಲಿಸಿದಿರಿ ಎಂದು ನೆನಪಿಸಿಕೊಳ್ಳಿ. ದಡಕ್ಕೆ ಬರುವ ಮೊದಲೇ ಪೆಟ್ರೋಲಿಗೆ ತಿರುಗಿಸಿ ಕೆಲವು ನಿಮಿಷ ಓಡಿಸದೆ, ಸೀಮೆಎಣ್ಣೆಯಲ್ಲೇ ನಿಲ್ಲಿಸಿದರೆ ಬಟ್ಟಲಿನಲ್ಲಿ ಸೀಮೆಎಣ್ಣೆ ಉಳಿಯುತ್ತದೆ. ಅದು ತಣ್ಣಗಿನ ಎಂಜಿನಿನಲ್ಲಿ ಆವಿಯಾಗುವುದಿಲ್ಲ. ಬೆಳಿಗ್ಗೆ ಚೋಕ್ ಎಳೆದು ಹಗ್ಗ ಎಳೆದಷ್ಟೂ ಹನಿಹನಿಯಾಗಿ ಒಳಗೆ ಹೋಗಿ ಪ್ಲಗ್ ಮೇಲೆ ಕೂರುತ್ತದೆ, ಪೆಟ್ರೋಲಿನಂತೆ ತಾನಾಗಿ ಆರುವುದೂ ಇಲ್ಲ. ಹಾಗೆ ಆಗಿದ್ದರೆ ಬಟ್ಟಲಿನ ಅಡಿಯ ಡ್ರೈನ್ ತಿರುಪು ಸಡಿಲಿಸಿ ಹಳೆಯದನ್ನು ಬಾಟಲಿಗೆ ಇಳಿಸಿ, ಪೆಟ್ರೋಲ್ ತುಂಬಿಸಿ, ಪ್ಲಗ್ ಒರೆಸಿ ಸ್ಟಾರ್ಟ್ ಮಾಡಿ. ಇಳಿಸಿದ್ದನ್ನು ನೀರಿಗೆ ಚೆಲ್ಲಬೇಡಿ. ನಮ್ಮ ಹೊಳೆಬಾಯಿಗಳಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕಿ ಬದುಕುವ ಮನೆಗಳಿವೆ, ಎಣ್ಣೆ ತೇಲುವ ನೀರಿನ ಮರುವಾಯಿಯನ್ನು ಯಾರೂ ಕೊಳ್ಳುವುದಿಲ್ಲ.

ಇನ್ನೊಂದು ಬಗೆಯ ಓವರ್‌ಫ್ಲೋ ಟ್ಯಾಂಕಿನಿಂದ ಬರುತ್ತದೆ. ಏಪ್ರಿಲ್, ಮೇ ಬಿಸಿಲಿಗೆ ಮಲ್ಪೆ ದಂಡೆಯಲ್ಲೋ ತಣ್ಣೀರುಬಾವಿಯಲ್ಲೋ ದೋಣಿ ಎಳೆದಿಟ್ಟು, ಟ್ಯಾಂಕಿನ ಗಾಳಿ ತಿರುಪು ಮುಚ್ಚಿ, ಪೈಪನ್ನು ಎಂಜಿನಿಗೆ ಸಿಕ್ಕಿಸಿಯೇ ಬಿಟ್ಟರೆ ಒಳಗಿನ ಆವಿ ಹಿಗ್ಗಿ ಎಣ್ಣೆಯನ್ನು ನೀಡಲ್ ದಾಟಿಸಿ ತಳ್ಳುತ್ತದೆ. ದಂಡೆಯಲ್ಲಿಟ್ಟ ಎಂಜಿನ್ ಮೇಲೆತ್ತಿದ್ದರಂತೂ ಹೇಳುವುದೇ ಬೇಡ. ಎಂಜಿನ್ ನಿಲ್ಲಿಸಿದ ಮೇಲೆ ಪೈಪನ್ನು ಎಂಜಿನ್ ಕಡೆಯಿಂದ ಕಳಚಿ. ಓಡಿಸುವಾಗ ಗಾಳಿ ತಿರುಪು ತೆರೆದಿರಲಿ. ಕ್ಯಾನನ್ನು ಕಾರ್ಬ್ಯುರೇಟರಿಗಿಂತ ಎತ್ತರದ ಹಲಗೆಯ ಮೇಲೆ ಇಡುವುದೂ ಬೇಡ, ನೀಡಲ್ ಮೇಲೆ ಹಗಲೂ ರಾತ್ರಿ ಭಾರ ಬೀಳುತ್ತದೆ.

ಈಗ ನಿಜವಾದ ಕಾರ್ಬ್ಯುರೇಟರ್ ದೋಷಕ್ಕೆ ಬರೋಣ. ಬಲ್ಬ್ ಪರೀಕ್ಷೆಯಲ್ಲಿ ಎಣ್ಣೆ ತೊಟ್ಟಿಕ್ಕಿದರೆ ಕಾರ್ಬ್ಯುರೇಟರ್ ಬಿಚ್ಚಬೇಕು. ಬಿಚ್ಚುವ ಮೊದಲು ಚೋಕ್ ಕಡ್ಡಿ, ಥ್ರೊಟಲ್ ಕಡ್ಡಿಗಳ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಬಟ್ಟಲಿನ ಸ್ಕ್ರೂಗಳು ಉಪ್ಪುಗಾಳಿಗೆ ಹಿಡಿದುಕೊಂಡಿರುತ್ತವೆ, ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಹಾಕದಿದ್ದರೆ ತಲೆ ಸವೆದು ಹೋಗುತ್ತದೆ. ಬಟ್ಟಲು ಬಿಚ್ಚಿದ ಕೂಡಲೇ ಅದರಲ್ಲಿದ್ದದ್ದನ್ನು ಚೆಲ್ಲದೆ ಗಾಜಿನ ಲೋಟಕ್ಕೆ ಹಾಕಿ. ಅಡಿಯಲ್ಲಿ ನೀರು ಬೇರೆಯಾಗಿ ನಿಂತಿದೆಯೇ, ಬಿಳಿ ಪುಡಿ ಇದೆಯೇ, ಕರಿ ರಬ್ಬರಿನ ಚೂರುಗಳಿವೆಯೇ ನೋಡಿ. ನಿಮ್ಮ ನೀಡಲ್ ಸ್ವಲ್ಪ ದಿನಕ್ಕೇ ಕೆಟ್ಟದ್ದೇಕೆ ಎಂಬುದಕ್ಕೆ ಉತ್ತರ ಆ ಲೋಟದಲ್ಲೇ ಸಿಗುವ ಸಾಧ್ಯತೆ ಹೆಚ್ಚು. ಬಿಳಿ ಪುಡಿ ಎಂದರೆ ಉಪ್ಪುನೀರು ಅಲ್ಯೂಮಿನಿಯಮನ್ನು ತಿಂದಿದೆ. ಕರಿ ಚೂರು ಎಂದರೆ ಎಣ್ಣೆ ಪೈಪಿನ ಅಥವಾ ಬಲ್ಬಿನ ಒಳಪದರ ಕಳಚುತ್ತಿದೆ. ಕಸದ ಒಂದು ಕಣ ನೀಡಲಿಗೂ ಸೀಟಿಗೂ ನಡುವೆ ಸಿಕ್ಕಿದರೆ ಸಾಕು, ಎಷ್ಟು ಹೊಸ ನೀಡಲ್ ಇದ್ದರೂ ಮುಚ್ಚುವುದಿಲ್ಲ.

ಪೈಪಿನ ಒಳಪದರದ ವಿಷಯದಲ್ಲಿ ಈಗಿನ ಪೆಟ್ರೋಲನ್ನೂ ಗಮನಿಸಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕ ಇ20 ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇರುತ್ತದೆ. ಎಥನಾಲ್ ತೇವವನ್ನು ಎಳೆದುಕೊಳ್ಳುತ್ತದೆ, ತೇವ ಹೆಚ್ಚಾದರೆ ನೀರು ಮತ್ತು ಎಥನಾಲ್ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಹಳೆಯ ಕಾಲದ ರಬ್ಬರನ್ನು ಅದು ಉಬ್ಬಿಸುತ್ತದೆ, ಮೆದುವಾಗಿಸುತ್ತದೆ. ಕರಾವಳಿಯ ಮಳೆಗಾಲದ ಗಾಳಿಯಲ್ಲಿ ಅರ್ಧ ತುಂಬಿದ ಟ್ಯಾಂಕನ್ನು ವಾರಗಟ್ಟಲೆ ಇಟ್ಟರೆ ತೇವ ಸೇರದೆ ಇರುವುದಿಲ್ಲ. ಹಳೆಯ ಎಂಜಿನ್ ಇದ್ದವರು ಎಥನಾಲ್ ತಡೆಯುವ ಪೈಪ್, ಬಲ್ಬ್ ಹಾಕಿಸಿ, ನೀರು ಬೇರ್ಪಡಿಸುವ ಫಿಲ್ಟರ್ ಕೂರಿಸುವುದು ಒಳ್ಳೆಯದು. ಪೆಟ್ರೋಲನ್ನು ಬೇಕಾದಷ್ಟೇ ತನ್ನಿ.

ಫ್ಲೋಟಿನ ಪಿನ್ ತಳ್ಳಿ ತೆಗೆದರೆ ಫ್ಲೋಟ್, ಅದಕ್ಕೆ ನೇತಾಡುವ ನೀಡಲ್ ಎರಡೂ ಬರುತ್ತವೆ. ನೀಡಲಿನ ಕೋನಾಕಾರದ ತುದಿಯನ್ನು ಬೆಳಕಿಗೆ ಹಿಡಿಯಿರಿ. ಸುತ್ತ ಉಂಗುರದ ಗೆರೆ ಮೂಡಿದ್ದರೆ, ತುದಿ ಉಬ್ಬಿದ್ದರೆ ಬದಲಿಸಿ. ಸೀಟನ್ನು ಹತ್ತಿಕಡ್ಡಿಯಿಂದ ಮಾತ್ರ ಒರೆಸಿ. ಉಪ್ಪುಕಾಗದ (ಸ್ಯಾಂಡ್‌ಪೇಪರ್) ಹಾಕಿ ಉಜ್ಜುವವರನ್ನು ತಡೆಯಿರಿ, ಒಂದು ಗೀರು ಬಿದ್ದರೂ ಆ ಸೀಟ್ ಮುಗಿಯಿತು. ಕೆಲವು ಮಾದರಿಗಳಲ್ಲಿ ಸೀಟನ್ನು ತಿರುಗಿಸಿ ಬಿಚ್ಚಬಹುದು, ಅದರ ಕೆಳಗಿನ ವಾಷರ್ ಸೋರಿದರೂ ಲಕ್ಷಣ ಇದೇ. ಸೀಟ್ ಬಿಚ್ಚುವಂಥದ್ದಾದರೆ ನೀಡಲ್ ಮತ್ತು ಸೀಟನ್ನು ಜೋಡಿಯಾಗಿಯೇ ಹಾಕಿ. ಸವೆದ ಸೀಟಿಗೆ ಹೊಸ ನೀಡಲ್ ಕೂರಿಸಿದ್ದೂ ನಿಮ್ಮ ತೊಂದರೆ ಮರುಕಳಿಸಲು ಕಾರಣ ಇರಬಹುದು.

ಫ್ಲೋಟ್ ಹಿತ್ತಾಳೆಯದ್ದಾದರೆ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಎಣ್ಣೆ ಕುಲುಕಿದರೆ ತೂತಾಗಿದೆ. ಸಂಶಯವಿದ್ದರೆ ಬಿಸಿನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುವ ಕಡೆ ತೂತು. ಬೆಸುಗೆ ಹಾಕಿಸಬೇಡಿ. ಒಳಗೆ ಪೆಟ್ರೋಲ್ ಇರುವ ಫ್ಲೋಟನ್ನು ಕಾಯಿಸುವುದೇ ಅಪಾಯ, ಬೆಸುಗೆಯ ಭಾರದಿಂದ ಅದು ತೇಲುವ ಮಟ್ಟವೂ ಬದಲಾಗುತ್ತದೆ. ಫೋಮಿನಂಥ ಫ್ಲೋಟ್ ತೂತಾಗುವುದಿಲ್ಲ, ಆದರೆ ವರ್ಷಗಳಲ್ಲಿ ಎಣ್ಣೆ ಹೀರಿ ಭಾರವಾಗುತ್ತದೆ, ಹೊಸದರ ಜೊತೆ ತೂಗಿ ನೋಡಿದರೆ ಗೊತ್ತಾಗುತ್ತದೆ.

ನಿಮ್ಮಂತೆ ಎರಡು ಎಣ್ಣೆ ಬಳಸುವವರಿಗೆ ಇಲ್ಲೊಂದು ಸೂಕ್ಷ್ಮ ಸುಳಿವು ಇದೆ. ಸೀಮೆಎಣ್ಣೆ ಪೆಟ್ರೋಲಿಗಿಂತ ಸಾಂದ್ರ, ಹಾಗಾಗಿ ಅದರಲ್ಲಿ ಫ್ಲೋಟ್ ಹೆಚ್ಚು ಬಲವಾಗಿ ತೇಲಿ ನೀಡಲನ್ನು ಒತ್ತುತ್ತದೆ. ಪೆಟ್ರೋಲಿನಲ್ಲಿ ಸೋರಿ, ಸೀಮೆಎಣ್ಣೆಗೆ ತಿರುಗಿಸಿದ ಮೇಲೆ ಸೋರಿಕೆ ನಿಲ್ಲುತ್ತಿದ್ದರೆ ಭಾರವಾದ ಫ್ಲೋಟ್ ಅಥವಾ ತಪ್ಪಿದ ಫ್ಲೋಟ್ ಮಟ್ಟವನ್ನೇ ಮೊದಲು ನೋಡಿ.

ಮಟ್ಟ ಅಳೆಯುವುದು ಹೀಗೆ: ಕಾರ್ಬ್ಯುರೇಟರನ್ನು ತಲೆಕೆಳಗು ಹಿಡಿದು, ಗ್ಯಾಸ್ಕೆಟ್ ತೆಗೆದು, ಫ್ಲೋಟ್ ತನ್ನ ಭಾರದಿಂದಷ್ಟೇ ನೀಡಲ್ ಮೇಲೆ ಕೂತಾಗ ಅಂಚಿನಿಂದ ಎಷ್ಟು ಮಿಲಿಮೀಟರ್ ಎಂದು ಕ್ಯಾಲಿಪರ್‌ನಿಂದ ನೋಡಿ ಎಂಜಿನಿನ ಸರ್ವೀಸ್ ಕೈಪಿಡಿಯ ಅಳತೆಗೆ ಹೋಲಿಸಿ. ನೀಡಲಿನಲ್ಲಿ ಸ್ಪ್ರಿಂಗ್ ಇದ್ದರೆ ಅದನ್ನು ಒತ್ತಬಾರದು. ಫ್ಲೋಟಿಗೆ ನೀಡಲನ್ನು ಒತ್ತುವ ತಗಡಿನ ನಾಲಗೆ ಇದ್ದರೆ ಕೂದಲೆಳೆಯಷ್ಟು ಬಗ್ಗಿಸಿ ಸರಿಪಡಿಸಬಹುದು, ಪ್ಲಾಸ್ಟಿಕ್ಕಾದರೆ ಬಗ್ಗಿಸುವ ಹಾಗಿಲ್ಲ. ಸವೆದ ನೀಡಲಿನ ಸೋರಿಕೆ ನಿಲ್ಲಿಸಲು ನಾಲಗೆ ಬಗ್ಗಿಸುವ ಅಭ್ಯಾಸ ಕೆಟ್ಟದ್ದು. ಸೋರಿಕೆ ಮುಚ್ಚಿಹೋದಂತೆ ಕಾಣುತ್ತದೆ, ಆದರೆ ಬಟ್ಟಲಿನಲ್ಲಿ ಎಣ್ಣೆ ಕಡಿಮೆಯಾಗಿ ಫುಲ್ ಥ್ರೊಟಲಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಎಣ್ಣೆಯ ಜೊತೆಗೇ ಆಯಿಲ್ ಕುಡಿಯುವ ಟೂ ಸ್ಟ್ರೋಕಿಗೆ ಅದು ಪಿಸ್ಟನ್ ಹಿಡಿದುಕೊಳ್ಳುವ ದಾರಿ.

ಜೆಟ್ಟುಗಳಿಗೆ (ಎಣ್ಣೆ ಹಾಯುವ ಸಣ್ಣ ತೂತಿನ ತುಂಡುಗಳಿಗೆ) ತಂತಿ ಹಾಕಬೇಡಿ, ಗಾಳದ ನೈಲಾನ್ ದಾರದ ತುಂಡು ಸಾಕು. ಎಲ್ಲ ಜೋಡಿಸಿದ ಮೇಲೆ ಎಂಜಿನಿಗೆ ಕೂರಿಸಿ ಬಲ್ಬ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಗಂಟಲು ಒಣಗಿದ್ದರೆ ಮಾತ್ರ ಕವರ್ ಮುಚ್ಚಿ. ಓಡಿಸಿ ನೋಡುವುದು ನೀರು ತುಂಬಿದ ಡ್ರಮ್ಮಿನಲ್ಲಿ. ಒಣಗಿದಲ್ಲಿ ಓಡಿಸಿದರೆ ನೀರಿನ ಪಂಪಿನ ಇಂಪೆಲ್ಲರ್ ಬೇಗನೆ ಹಾಳಾಗುತ್ತದೆ.

ನೀರಿನ ಮೇಲಿದ್ದಾಗ ಓವರ್‌ಫ್ಲೋ ಆಗಿ ಎಂಜಿನ್ ನಿಂತರೆ ಮೊದಲ ಕೆಲಸ ಲಂಗರು, ಆಮೇಲೆ ಎಂಜಿನ್. ಪೈಪ್ ಕಳಚಿ, ಚೋಕ್ ಪೂರ್ತಿ ಒಳಗೆ ತಳ್ಳಿ, ನ್ಯೂಟ್ರಲಿನಲ್ಲಿ ಹೋಗುವಷ್ಟು ಥ್ರೊಟಲ್ ತೆರೆಯಿರಿ. ಪ್ಲಗ್ ಬಿಚ್ಚಿ ಹಗ್ಗ ಎಳೆಯುವುದಾದರೆ ಮೊದಲು ಸ್ಟಾಪ್ ಸ್ವಿಚ್ಚಿನ ಕ್ಲಿಪ್ ತೆಗೆದಿರಬೇಕು, ಇಲ್ಲವೆಂದರೆ ಹೊರಬರುವ ಎಣ್ಣೆಯ ಮಂಜಿಗೆ ಕಿಡಿ ತಾಗುತ್ತದೆ. ಒಳಗಿನದು ಹೊರಗೆ ಬಂದ ಮೇಲೆ ಒಣ ಪ್ಲಗ್ ಹಾಕಿ, ಕ್ಲಿಪ್ ಸಿಕ್ಕಿಸಿ, ಪೈಪ್ ಇಲ್ಲದೆಯೇ ಸ್ಟಾರ್ಟ್ ಮಾಡಿ, ಹಿಡಿದ ಕೂಡಲೇ ಪೈಪ್ ಸಿಕ್ಕಿಸಿ. ಒಂದು ಜೊತೆ ಒಣ ಪ್ಲಗ್, ಪ್ಲಗ್ ಸ್ಪ್ಯಾನರ್ ಮತ್ತು ಹುಟ್ಟು ದೋಣಿಯಲ್ಲಿ ಇರಲೇಬೇಕು.

ಫೋರ್ ಸ್ಟ್ರೋಕ್ ಇಟ್ಟುಕೊಂಡವರು ಓವರ್‌ಫ್ಲೋ ರಿಪೇರಿಯ ಜೊತೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ಮೂಸಿ ನೋಡಿ. ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡಬಾರದು.

ಕಾರ್ಬ್ಯುರೇಟರನ್ನೇ ಬದಲಿಸುವ ಸಂದರ್ಭಗಳೂ ಇವೆ: ಬಿಚ್ಚಲಾಗದ ಸೀಟಿನಲ್ಲಿ ಗೀರು ಅಥವಾ ತುಕ್ಕಿನ ಗುಳಿ ಬಿದ್ದಿದ್ದರೆ, ಫ್ಲೋಟ್ ಪಿನ್ನಿನ ಕಂಬ ಮುರಿದಿದ್ದರೆ, ಬಟ್ಟಲು ಕೂರುವ ಅಂಚನ್ನು ಉಪ್ಪು ತಿಂದು ಹೊಸ ಗ್ಯಾಸ್ಕೆಟ್ಟಿಗೂ ಸೋರುತ್ತಿದ್ದರೆ, ಥ್ರೊಟಲ್ ಕಡ್ಡಿ ತನ್ನ ತೂತಿನಲ್ಲಿ ಗಡಗಡ ಆಡುತ್ತಿದ್ದರೆ. ಆಗ ಎಂಜಿನ್ ಕಂಪನಿಯದ್ದೇ ಹಾಕಿ, ನಕಲಿ ಕಾರ್ಬ್ಯುರೇಟರ್ ಬೇಡ. ಹೊಸದನ್ನು ಕೂರಿಸುವ ದಿನವೇ ಟ್ಯಾಂಕ್ ತೊಳೆದು ಪೈಪ್, ಬಲ್ಬ್, ಫಿಲ್ಟರ್ ಕೂಡ ಬದಲಿಸಿ. ಹಳೆಯ ಪೈಪಿನ ಕಸ ಹೊಸ ನೀಡಲಿಗೂ ಅದೇ ಗತಿ ಕಾಣಿಸುತ್ತದೆ.