ಗೃಹಿಣಿಯರ ಭಯ ಮತ್ತು ಅಮೆರಿಕದ 1970ರ ದಶಕ

ಅಮೆರಿಕದಲ್ಲಿ ಸಮಾನ ಹಕ್ಕುಗಳ ತಿದ್ದುಪಡಿಯನ್ನು ಸೋಲಿಸಿದ್ದು ಗಂಡಸರು ಅಂತ ತುಂಬಾ ಜನ ನಂಬಿದ್ದಾರೆ. ಶಾಸನಸಭೆಗಳಲ್ಲಿ ವೋಟು ಹಾಕಿದವರು ಹೆಚ್ಚಾಗಿ ಗಂಡಸರೇ, ನಿಜ. ಆದರೆ ಆ ಶಾಸಕರ ಬಾಗಿಲಿಗೆ ಬಂದು ‘ನಮಗಿದು ಬೇಡ’ ಎಂದವರಲ್ಲಿ ಮುಂದೆ ನಿಂತವರು ಗೃಹಿಣಿಯರು. ಕ್ಯಾಲಿಫೋರ್ನಿಯಾದಲ್ಲಿ ವಿಚ್ಛೇದನದ ಕೇಸು ನಡೆಸುವ ವಕೀಲೆಯಾಗಿ ನನಗೆ ಅವರ ಭಯ ಚೆನ್ನಾಗಿ ಅರ್ಥವಾಗುತ್ತದೆ. ಅವರು ನಂಬಿದ ಪರಿಹಾರವನ್ನು ಮಾತ್ರ ನಾನು ಒಪ್ಪುವುದಿಲ್ಲ.

ಲಿಂಗದ ಕಾರಣಕ್ಕೆ ಯಾರ ಹಕ್ಕನ್ನೂ ಕಾನೂನು ಮೊಟಕು ಮಾಡುವಂತಿಲ್ಲ. ತಿದ್ದುಪಡಿಯ ತಿರುಳು ಇಷ್ಟೇ. 1923ರಿಂದ ಕಾಯುತ್ತಿದ್ದ ಈ ಪ್ರಸ್ತಾಪ 1972ರ ಮಾರ್ಚ್‌ನಲ್ಲಿ ಸೆನೆಟ್‌ನಲ್ಲಿ 84–8 ಮತಗಳಿಂದ ಪಾಸಾಯಿತು. 38 ರಾಜ್ಯಗಳು ಒಪ್ಪಬೇಕಿತ್ತು. ಒಂದೇ ವರ್ಷದಲ್ಲಿ 30 ಒಪ್ಪಿದವು. ಆಮೇಲೆ ವೇಗವೇ ಕುಸಿಯಿತು. 1977ರಲ್ಲಿ ಇಂಡಿಯಾನಾ ಸೇರಿ 35 ಆಯಿತು, ಗಡುವನ್ನು 1982ರ ಜೂನ್‌ವರೆಗೆ ಮುಂದೂಡಿದರೂ ಅಷ್ಟರೊಳಗೆ ಉಳಿದ ಮೂರು ಸಿಗಲೇ ಇಲ್ಲ.

ಆ ವರ್ಷಗಳಲ್ಲಿ ದೇಶದ ಹಣಕಾಸೇ ಬದಲಾಗಿತ್ತು. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು, ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. 1980ರ ಹೊತ್ತಿಗೆ ಹಣದುಬ್ಬರ ಶೇ 13 ದಾಟಿತ್ತು. ಒಬ್ಬನ ಸಂಬಳದಲ್ಲಿ ಮನೆ, ಕಾರು, ಮಕ್ಕಳ ಓದು ಎಲ್ಲ ಸಾಗುತ್ತದೆ ಎಂಬ ನಂಬಿಕೆ ಅಲ್ಲಾಡಿತು. 1970ರಲ್ಲಿ ನೂರಕ್ಕೆ ಸುಮಾರು 43 ಹೆಂಗಸರು ದುಡಿಮೆಗೆ ಬಂದಿದ್ದರೆ, 1980ಕ್ಕೆ ಅದು 51 ದಾಟಿತು. ಎಷ್ಟೋ ಜನ ಹೊರಗೆ ಹೊರಟಿದ್ದು ಸ್ತ್ರೀವಾದದ ಭಾಷಣ ಕೇಳಿ ಅಲ್ಲ, ಮನೆ ಸಾಲದ ಕಂತು ಕಟ್ಟಲು.

ಇದೇ ಹೊತ್ತಿಗೆ ವಿಚ್ಛೇದನ ಸುಲಭವಾಯಿತು. ಯಾರ ತಪ್ಪು ಅಂತ ಸಾಬೀತು ಮಾಡದೆ ಬೇರೆಯಾಗಬಹುದು ಎಂಬ ಕ್ಯಾಲಿಫೋರ್ನಿಯಾದ ಕಾನೂನಿಗೆ 1969ರಲ್ಲಿ ಸಹಿ ಹಾಕಿದವರು ಗವರ್ನರ್ ರೊನಾಲ್ಡ್ ರೇಗನ್, ಮುಂದೆ ಸಂಪ್ರದಾಯವಾದಿಗಳ ನಾಯಕರಾದ ಅದೇ ರೇಗನ್. ಹೊಡೆತ ತಿನ್ನುತ್ತಿದ್ದ ಹೆಂಗಸರಿಗೆ ಆ ಕಾನೂನು ದೊಡ್ಡ ಆಸರೆ, ಅದನ್ನು ನಾನು ಎಂದೂ ಹಳಿಯುವುದಿಲ್ಲ. ಆದರೆ ಐವತ್ತು ದಾಟಿದ, ಹೊರಗೆ ಎಂದೂ ದುಡಿಯದ ಹೆಂಡತಿಯ ಪಾಡೇನು? ಆರೋಗ್ಯ ವಿಮೆ ಗಂಡನ ಕಂಪನಿಯದು. ಪಿಂಚಣಿ ಅವನದು. ಗಂಡನ ಸೋಷಿಯಲ್ ಸೆಕ್ಯುರಿಟಿಯಲ್ಲಿ, ಅಂದರೆ ಸರ್ಕಾರ ಕೊಡುವ ವೃದ್ಧಾಪ್ಯದ ಪಿಂಚಣಿಯಲ್ಲಿ, ಪಾಲು ಬೇಕೆಂದರೆ ಮದುವೆ 20 ವರ್ಷ ಬಾಳಿರಬೇಕಿತ್ತು. ಹತ್ತೊಂಬತ್ತು ವರ್ಷ ಅಡುಗೆ ಮಾಡಿ, ಮಕ್ಕಳನ್ನು ಸಾಕಿದವಳಿಗೆ ಏನೂ ಇಲ್ಲ.

ತಿದ್ದುಪಡಿಯ ವಿರುದ್ಧ ಚಳವಳಿ ನಡೆಸಿದ, ಇಲಿನಾಯ್‌ನ ಆಲ್ಟನ್ ಊರಿನ ಫಿಲಿಸ್ ಶ್ಲಾಫ್ಲಿ ಮಾತಾಡಿದ್ದು ಈ ಭಯದ ಜೊತೆಗೇ. ಹೆಂಡತಿಯನ್ನು ಸಾಕುವುದು ಗಂಡನ ಕರ್ತವ್ಯ ಅಂತ ಈಗ ಕಾನೂನೇ ಹೇಳುತ್ತದೆ, ತಿದ್ದುಪಡಿ ಬಂದರೆ ಅದೂ ಹೋಗುತ್ತದೆ, ಹೆಣ್ಣುಮಕ್ಕಳನ್ನು ಸೇನೆಗೂ ಎಳೆಯುತ್ತಾರೆ ಎಂದರು. ಅವರ ಸಂಗಾತಿಗಳು ಮನೆಯಲ್ಲೇ ಮಾಡಿದ ಬ್ರೆಡ್ಡು, ಜಾಮ್ ಹಿಡಿದು ಶಾಸಕರನ್ನು ಕಂಡರು.

ಆದರೆ ಆ ಕರ್ತವ್ಯಕ್ಕೆ ಕೋರ್ಟಿನಲ್ಲಿ ಎಷ್ಟು ಬೆಲೆ ಇತ್ತು? 1953ರಲ್ಲಿ ನೆಬ್ರಾಸ್ಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೆಕ್‌ಗೈರ್ ಪ್ರಕರಣ ನೋಡಿ. ಗಂಡ ಅನುಕೂಲಸ್ಥ ರೈತ. ಹೆಂಡತಿ ಕೋಳಿ ಸಾಕಿ, ಬಂದ ಕಾಸಿನಲ್ಲಿ ತನ್ನ ಬಟ್ಟೆಬರೆ, ದಿನಸಿ ನೋಡಿಕೊಂಡವಳು. ಮೂವತ್ತಕ್ಕೂ ಹೆಚ್ಚು ವರ್ಷದ ಸಂಸಾರ, ಮನೆಯೊಳಗೆ ಬಚ್ಚಲೂ ಇಲ್ಲ, ಶೌಚಾಲಯವೂ ಇಲ್ಲ. ಅವಳು ಕೇಳಿದ್ದು ವಿಚ್ಛೇದನವಲ್ಲ, ಖರ್ಚಿಗೆ ದುಡ್ಡು. ಗಂಡ ಹೆಂಡತಿ ಒಟ್ಟಿಗೇ ಬಾಳುತ್ತಿರುವಾಗ ನಾವು ನಡುವೆ ಬರುವುದಿಲ್ಲ ಎಂದಿತು ಕೋರ್ಟ್. ಸಂಸಾರ ಇರುವವರೆಗೆ ಆ ಹಕ್ಕನ್ನು ಜಾರಿ ಮಾಡಲು ಕೋರ್ಟು ಬರುವುದಿಲ್ಲ, ಸಂಸಾರ ಮುರಿದ ಮೇಲೆ ಸಿಗುವುದು ನ್ಯಾಯಾಧೀಶರು ಕೊಟ್ಟಷ್ಟು ಜೀವನಾಂಶ. ಶ್ಲಾಫ್ಲಿ ಕಾಪಾಡಲು ಹೊರಟ ಸವಲತ್ತು ಇಷ್ಟು ತೆಳುವಾಗಿತ್ತು.

ಗೃಹಿಣಿಗೆ ನಿಜವಾದ ರಕ್ಷಣೆ ತಂದುಕೊಟ್ಟವರಲ್ಲಿ ಆ ಗೃಹಿಣಿಯರು ಹೆದರಿದ್ದ ಸ್ತ್ರೀವಾದಿಗಳೇ ಮುಂದಿದ್ದರು. 1974ರ ಕಾನೂನು ಗಂಡನ ಸಹಿ ಇಲ್ಲದೆ ಸಾಲ, ಕ್ರೆಡಿಟ್ ಕಾರ್ಡ್ ಪಡೆಯುವ ದಾರಿ ತೆರೆಯಿತು. ಗಂಡನ ಆಸರೆ ತಪ್ಪಿದ ಗೃಹಿಣಿಯರಿಗೆ ಕೆಲಸದ ತರಬೇತಿ ಕೊಡುವ ಕಾನೂನು 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಂತು, ಅದಕ್ಕಾಗಿ ಓಡಾಡಿದವರು ಟಿಶ್ ಸಾಮರ್ಸ್. 1977ರ ನವೆಂಬರ್‌ನಲ್ಲಿ ಹ್ಯೂಸ್ಟನ್‌ನ ರಾಷ್ಟ್ರೀಯ ಮಹಿಳಾ ಸಮ್ಮೇಳನ ಗೃಹಿಣಿಯರ ಬಗ್ಗೆಯೇ ಒಂದು ನಿರ್ಣಯ ಮಾಡಿತು. ಅದೇ ಊರಿನಲ್ಲಿ ಅದೇ ಹೊತ್ತಿಗೆ ಸಾವಿರಾರು ಜನ ಶ್ಲಾಫ್ಲಿ ಮಾತಿಗೆ ಚಪ್ಪಾಳೆ ತಟ್ಟುತ್ತಿದ್ದರು.

ಸ್ತ್ರೀವಾದಿಗಳ ಕೈಗೆ ಸಿಗದೆ ಹೋದದ್ದೂ ಇದೆ. ಮಕ್ಕಳ ಪಾಲನಾ ಕೇಂದ್ರಗಳ ಮಸೂದೆಯನ್ನು ಅಧ್ಯಕ್ಷ ನಿಕ್ಸನ್ 1971ರಲ್ಲೇ ತಡೆದರು. ಕೂಸನ್ನು ಬಿಡಲು ಜಾಗವಿಲ್ಲದೆ ಕೆಲಸದ ಹಕ್ಕು ಸಿಕ್ಕಿ ಏನು ಮಾಡಬೇಕು, ಅಲ್ವಾ? ಕ್ಯಾಲಿಫೋರ್ನಿಯಾದ ಮತದಾರರು 1978ರಲ್ಲಿ ಆಸ್ತಿ ತೆರಿಗೆಗೆ ಕಡಿವಾಣ ಹಾಕಿದರು. ಹೊಸ ಯೋಜನೆಗೆ ದುಡ್ಡು ಕೇಳುವುದೇ ಕಷ್ಟವಾಯಿತು. 1940ರಿಂದ ತಿದ್ದುಪಡಿಯ ಪರವಿದ್ದ ರಿಪಬ್ಲಿಕನ್ ಪಕ್ಷ 1980ರಲ್ಲಿ ಬೆಂಬಲ ಹಿಂತೆಗೆಯಿತು.

ಸೋಷಿಯಲ್ ಸೆಕ್ಯುರಿಟಿಯ 20 ವರ್ಷವನ್ನು 10ಕ್ಕೆ ಇಳಿಸಿದ್ದು 1977ರ ಒಂದು ಕಾನೂನು. ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಬಂದು ವರ್ಷಗಟ್ಟಲೆ ದುಡಿಯಲಾಗದೆ ಮನೆಯಲ್ಲಿ ಉಳಿದ ಕನ್ನಡದ ಹೆಣ್ಣುಮಕ್ಕಳು ಇದನ್ನು ತಿಳಿದಿರಲೇಬೇಕು. ಸೋಷಿಯಲ್ ಸೆಕ್ಯುರಿಟಿಯಲ್ಲಿ ಲೆಕ್ಕ ಮದುವೆಯ ದಿನದಿಂದ ವಿಚ್ಛೇದನ ಅಂತಿಮವಾಗುವ ದಿನದವರೆಗೆ. ಕ್ಯಾಲಿಫೋರ್ನಿಯಾದ ಜೀವನಾಂಶಕ್ಕೂ ಹತ್ತು ವರ್ಷದ ಗೆರೆ ಇದೆ, ಆದರೆ ಅದನ್ನು ಎಣಿಸುವುದು ನೀವು ಬೇರೆಯಾದ ದಿನದವರೆಗೆ. ಒಂಬತ್ತೂವರೆ ವರ್ಷಕ್ಕೆ ಕಾಗದಕ್ಕೆ ಸಹಿ ಹಾಕುವ ಮೊದಲು ಈ ಎರಡೂ ತಾರೀಖುಗಳನ್ನು ನಿಮ್ಮ ವಕೀಲರ ಜೊತೆ ಕೂತು ನೋಡಿ. ಭಾರತಕ್ಕೆ ವಾಪಸ್ ಹೋಗುವ ಯೋಚನೆ ಇದ್ದರೆ ಅದನ್ನೂ ಆಗಲೇ ಹೇಳಿ, ಅದಕ್ಕೆ ಬೇರೆ ಷರತ್ತುಗಳಿವೆ.